ಎನ್‌ಡಿವಿಐ: ಗೋಧಿ ಪೈರಿನ ಹಸಿರಿನಿಂದ ಇಳುವರಿಯ ಅಂದಾಜು

ಕೃಷಿ ವಿಜ್ಞಾನದ ಬರಹಗಳಲ್ಲಿ ಪದೇ ಪದೇ ಎದುರಾಗುವ ‘ಎನ್‌ಡಿವಿಐ’ ಎಂಬ ಸಂಕ್ಷೇಪವು ‘ನಾರ್ಮಲೈಸ್ಡ್ ಡಿಫರೆನ್ಸ್ ವೆಜಿಟೇಶನ್ ಇಂಡೆಕ್ಸ್’ ಎಂಬ ಹೆಸರಿನ ಮೊದಲಕ್ಷರಗಳಿಂದಾದದ್ದು. ಕನ್ನಡದಲ್ಲಿ ಅದನ್ನು ‘ಸಾಮಾನ್ಯೀಕೃತ ವ್ಯತ್ಯಾಸ ಸಸ್ಯ ಸೂಚ್ಯಂಕ’ ಎಂದು ಪದಕ್ಕೆ ಪದವಿಟ್ಟು ಹೇಳಬಹುದಾದರೂ ಆ ಉದ್ದನೆಯ ಹೆಸರಿನಿಂದ ಅರ್ಥವೇನೂ ತಿಳಿಯಾಗುವುದಿಲ್ಲವಾದ್ದರಿಂದ ‘ಹಸಿರು ಸೂಚ್ಯಂಕ’ ಎಂಬ ಸರಳ ಮಾತೇ ಮೇಲು. ಆದರೆ ಈ ಮಾತಿನಲ್ಲೂ ಒಂದು ವಿಚಿತ್ರವಿದೆ: ಹಸಿರನ್ನು ಅಳೆಯುತ್ತದೆಂದು ನಾವು ಹೇಳುವ ಈ ಸೂಚ್ಯಂಕದ ಲೆಕ್ಕದಲ್ಲಿ ಹಸಿರು ಬೆಳಕಿಗೆ ಜಾಗವೇ ಇಲ್ಲ. ಅದಕ್ಕೆ ಬೇಕಾದದ್ದು ಕೆಂಪು ಬೆಳಕು ಮತ್ತು ಕಣ್ಣಿಗೆ ಕಾಣದ ಅವಕೆಂಪು ಬೆಳಕು, ಇವೆರಡೇ.

ಎಲೆಯಲ್ಲಿರುವ ಪತ್ರಹರಿತ್ತು ಆಹಾರ ತಯಾರಿಕೆಗಾಗಿ ಕೆಂಪು ಬೆಳಕನ್ನು, ಅದರಲ್ಲೂ 660 ನ್ಯಾನೊಮೀಟರ್ ಆಸುಪಾಸಿನ ಕಿರಣಗಳನ್ನು, ಬಹುಪಾಲು ಹೀರಿಕೊಳ್ಳುತ್ತದೆ. ಅವಕೆಂಪು ಕಿರಣಗಳು ಅದಕ್ಕೆ ಬೇಡ. ಅವು ಎಲೆಯೊಳಗಿನ ಜೀವಕೋಶಗಳ ಗೋಡೆಗಳಿಗೂ ನಡುವಿನ ಗಾಳಿಯ ಎಡೆಗಳಿಗೂ ತಾಗಿ ಚದುರಿ, ಹೆಚ್ಚಿನ ಪ್ರಮಾಣದಲ್ಲಿ ಹೊರಕ್ಕೆ ಮರಳುತ್ತವೆ. ಹೀಗಾಗಿ ಪೈರು ದಟ್ಟವಾಗಿ, ಆರೋಗ್ಯವಾಗಿ ಇದ್ದಷ್ಟೂ ಮರಳುವ ಕೆಂಪು ಕಡಿಮೆಯಾಗುತ್ತದೆ, ಅವಕೆಂಪು ಹೆಚ್ಚುತ್ತದೆ. ಅವಕೆಂಪಿನಿಂದ ಕೆಂಪನ್ನು ಕಳೆದು, ಬಂದದ್ದನ್ನು ಅವೆರಡರ ಮೊತ್ತದಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ಎನ್‌ಡಿವಿಐ. ದಟ್ಟ ಗೋಧಿ ಪೈರು ತನ್ನ ಮೇಲೆ ಬಿದ್ದ ಕೆಂಪಿನಲ್ಲಿ ಶೇ. 5ನ್ನು, ಅವಕೆಂಪಿನಲ್ಲಿ ಶೇ. 45ನ್ನು ಮರಳಿಸಿತೆಂದು ಇಟ್ಟುಕೊಂಡರೆ, 40ನ್ನು 50ರಿಂದ ಭಾಗಿಸಿ 0.80 ಬರುತ್ತದೆ. ಸಾಲುಗಳ ನಡುವೆ ಮಣ್ಣು ಕಾಣುವ ತೆಳು ಪೈರಿನಲ್ಲಿ ಇದೇ ಪ್ರಮಾಣಗಳು ಶೇ. 15 ಮತ್ತು ಶೇ. 30 ಆದರೆ ಉತ್ತರ 0.33ಕ್ಕೆ ಇಳಿಯುತ್ತದೆ. ಲೆಕ್ಕದ ಪ್ರಕಾರ ಸೂಚ್ಯಂಕವು −1ರಿಂದ +1ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಹೊಲದಲ್ಲಿ ಮಾತ್ರ ಬರಿ ಮಣ್ಣಿನ 0.1–0.2ರಿಂದ ಹಿಡಿದು ತುಂಬು ಪೈರಿನ 0.9ರ ಆಸುಪಾಸಿನವರೆಗಿನ ಸಂಖ್ಯೆಗಳೇ ಸಾಮಾನ್ಯ. ಮೊತ್ತದಿಂದ ಭಾಗಿಸುವುದಕ್ಕೂ ಕಾರಣವಿದೆ. ಬಿಸಿಲು ಏರಿದಾಗ ಎರಡೂ ಬಗೆಯ ಬೆಳಕು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಏರುವುದರಿಂದ, ಭಾಗಾಕಾರವು ಆ ಏರಿಳಿತವನ್ನು ಬಹುಮಟ್ಟಿಗೆ ಕಳೆದುಹಾಕುತ್ತದೆ.

ಈ ಸೂಚ್ಯಂಕ ಹೆಸರಾದದ್ದು ಗೋಧಿಯಿಂದಲ್ಲ. 1972ರಲ್ಲಿ ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹ ಕಕ್ಷೆ ಸೇರಿದ ಬಳಿಕ, ಅಮೆರಿಕದ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಜಾನ್ ರೌಸ್ ಮತ್ತು ಸಂಗಡಿಗರು ಅಲ್ಲಿನ ಮಹಾ ಬಯಲುಗಳ ಹುಲ್ಲುಗಾವಲು ಚಿಗುರಿ ಒಣಗುವ ಬಗೆಯನ್ನು ಮೇಲಿನಿಂದ ಗಮನಿಸಲು ಇದನ್ನು ಬಳಸಿದರು. ಹೊಲದೊಳಗೆ ಕೈಯಲ್ಲಿ ಹಿಡಿದು ಅಳೆಯುವ ಪದ್ಧತಿ ಬಲಗೊಂಡದ್ದು ಆಮೇಲೆ, ಮುಖ್ಯವಾಗಿ ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ರೌನ್, ಜಾನ್ ಸೋಲಿ, ಮಾರ್ವಿನ್ ಸ್ಟೋನ್ ಮೊದಲಾದವರು ಚಳಿಗಾಲದ ಗೋಧಿಯ ಮೇಲೆ ನಡೆಸಿದ ಕೆಲಸದಿಂದ. ಅಲ್ಲಿ ರೂಪುಗೊಂಡ ‘ಗ್ರೀನ್‌ಸೀಕರ್’ ಎಂಬ ಸಂವೇದಕವು ತನ್ನದೇ ಬೆಳಕನ್ನು ಪೈರಿನ ಮೇಲೆ ಹಾಯಿಸಿ, ಮರಳಿದ್ದನ್ನು ಅಳೆಯುತ್ತದೆ. ಆದ್ದರಿಂದ ಮೋಡ ಕವಿದಿದ್ದರೂ ಕತ್ತಲಾಗಿದ್ದರೂ ಅದರ ಕೆಲಸ ನಿಲ್ಲುವುದಿಲ್ಲ. ಪೈರಿನ ತುದಿಯಿಂದ ಸುಮಾರು 60ರಿಂದ 120 ಸೆಂಟಿಮೀಟರ್ ಎತ್ತರದಲ್ಲಿ ಅದನ್ನು ಮಟ್ಟಸವಾಗಿ ಹಿಡಿದು, ಗುಂಡಿ ಒತ್ತಿಕೊಂಡು ಸಾಲಿನ ಗುಂಟ ನಡೆದರೆ ಕೊನೆಯಲ್ಲಿ ಸರಾಸರಿ ಅಂಕಿ ಪರದೆಯ ಮೇಲೆ ಮೂಡುತ್ತದೆ.

ಆ ಅಂಕಿ ಇಳುವರಿಯಾಗುವುದು ಹೇಗೆ ಎಂಬಲ್ಲಿಯೇ ವಿಷಯದ ತಿರುಳಿದೆ. ಎನ್‌ಡಿವಿಐ ಕಾಳನ್ನು ನೋಡುವುದಿಲ್ಲ. ಕಾಳು ಕಟ್ಟಬೇಕಾದ ಎಲೆರಾಶಿಯನ್ನು ನೋಡುತ್ತದೆ. ಜೊತೆಗೆ, ಅದನ್ನು ಯಾವಾಗ ಅಳೆದದ್ದೆಂದು ತಿಳಿಯದೆ ಅದಕ್ಕೆ ಅರ್ಥ ಹೇಳಲಾಗದು. ರೌನ್ ಅವರ ತಂಡ ಇದಕ್ಕೊಂದು ಸರಳ ಉಪಾಯ ಕಂಡುಕೊಂಡಿತು. ತೆಂಡೆ, ಅಂದರೆ ಬುಡದಿಂದ ಮೂಡುವ ಕವಲು, ಒಡೆದು ಕಾಂಡ ಏಳತೊಡಗುವ ಹಂತದಲ್ಲಿ ಅಳೆದ ಎನ್‌ಡಿವಿಐಯನ್ನು, ಬಿತ್ತನೆಯಿಂದ ಅಲ್ಲಿಯವರೆಗೆ ಪೈರು ನಿಜವಾಗಿ ಬೆಳೆದ ದಿನಗಳ ಸಂಖ್ಯೆಯಿಂದ ಭಾಗಿಸುವುದೇ ಆ ಉಪಾಯ. ಬೆಳೆದ ದಿನವೆಂದರೆ ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶಗಳ ಸರಾಸರಿ 4.4 ಡಿಗ್ರಿ ಸೆಲ್ಸಿಯಸ್ಸನ್ನು ಮೀರಿದ ದಿನ. ಎರಡು ಹೊಲಗಳಲ್ಲೂ 0.60 ಬಂದಿದ್ದು, ಒಂದು 80 ದಿನಗಳಲ್ಲಿ, ಇನ್ನೊಂದು 110 ದಿನಗಳಲ್ಲಿ ಆ ಮಟ್ಟ ಮುಟ್ಟಿದ್ದರೆ, ಭಾಗಲಬ್ಧ ಮೊದಲನೆಯದಕ್ಕೆ 0.0075, ಎರಡನೆಯದಕ್ಕೆ ಸುಮಾರು 0.0055. ಅಂದರೆ ಅಂಕಿ ಒಂದೇ ಇದ್ದರೂ ದಿನವೊಂದಕ್ಕೆ ಕೂಡಿಸಿಕೊಂಡ ಬೆಳವಣಿಗೆ ಒಂದೇ ಅಲ್ಲ, ಮತ್ತು ಸುಗ್ಗಿಯಲ್ಲಿ ಕೈಗೆ ಬರುವ ಕಾಳಿನೊಡನೆ ಚೆನ್ನಾಗಿ ಹೊಂದುವುದು ದಿನಗಳಿಂದ ಭಾಗಿಸಿದ ಈ ಲೆಕ್ಕವೇ. ಇದಕ್ಕೆ ‘ಇನ್ಸೆ’, ಅಂದರೆ ಹಂಗಾಮಿನ ನಡುವೆಯೇ ಮಾಡುವ ಇಳುವರಿ ಅಂದಾಜು, ಎಂದು ಹೆಸರು.

ಈ ಅಂದಾಜಿನ ಉದ್ದೇಶ ಭವಿಷ್ಯ ಹೇಳುವುದಷ್ಟೇ ಆಗಿರಲಿಲ್ಲ. ಮೇಲುಗೊಬ್ಬರ ಎಷ್ಟು ಹಾಕಬೇಕೆಂಬುದನ್ನು ತೀರ್ಮಾನಿಸುವುದೂ ಆಗಿತ್ತು. ಹೊಲದ ಒಂದು ಪಟ್ಟಿಗೆ ಮೊದಲೇ ಸಾರಜನಕವನ್ನು ಧಾರಾಳವಾಗಿ ಕೊಟ್ಟು, ಆ ಪಟ್ಟಿಯ ಅಂಕಿಯನ್ನು ಉಳಿದ ಹೊಲದ ಅಂಕಿಯಿಂದ ಭಾಗಿಸುತ್ತಾರೆ. ಪಟ್ಟಿಯಲ್ಲಿ 0.72, ಹೊರಗೆ 0.60 ಇದ್ದರೆ ಉತ್ತರ 1.2, ಅಂದರೆ ಗೊಬ್ಬರ ಕೊಟ್ಟರೆ ಪೈರು ಇನ್ನೂ ಸ್ಪಂದಿಸುವ ಸ್ಥಿತಿಯಲ್ಲಿದೆ. ಎರಡೂ ಸಮವಾಗಿದ್ದರೆ ಮಣ್ಣಿನಲ್ಲಿಯೇ ಸದ್ಯಕ್ಕೆ ಸಾಕಷ್ಟು ಸಾರಜನಕವಿದೆ ಎಂದರ್ಥ.

ಸೂಚ್ಯಂಕದ ದೊಡ್ಡ ದೋಷ ಕಾಣಿಸಿಕೊಳ್ಳುವುದು ಪೈರು ಚೆನ್ನಾಗಿದ್ದಾಗಲೇ. ಎಲೆಗಳು ನೆಲವನ್ನು ಪೂರ್ತಿ ಮುಚ್ಚಿದ ಮೇಲೆ ಕೆಂಪು ಬೆಳಕು ಆಗಲೇ ಹೆಚ್ಚುಕಡಿಮೆ ಎಲ್ಲವೂ ಹೀರಲ್ಪಟ್ಟಿರುವುದರಿಂದ ಇನ್ನು ಇಳಿಯಲು ಅವಕಾಶವಿರುವುದಿಲ್ಲ. ಕೆಂಪು ಶೇ. 3ರಲ್ಲಿಯೇ ನಿಂತು ಅವಕೆಂಪು ಶೇ. 40ರಿಂದ 50ಕ್ಕೆ ಏರಿದರೂ ಎನ್‌ಡಿವಿಐ 0.86ರಿಂದ 0.89ಕ್ಕೆ ಮಾತ್ರ ಸರಿಯುತ್ತದೆ. ಒಳ್ಳೆಯ ಪೈರನ್ನು ಬಡಕಲು ಪೈರಿನಿಂದ ಬೇರ್ಪಡಿಸುವ ಈ ಅಳತೆಯು ಒಳ್ಳೆಯ ಪೈರನ್ನು ಅತ್ಯುತ್ತಮ ಪೈರಿನಿಂದ ಬೇರ್ಪಡಿಸಲು ತಡವರಿಸುವುದು ಇದರಿಂದಾಗಿ. ಕೆಂಪು ಮುಗಿದು ಅವಕೆಂಪು ಶುರುವಾಗುವ ಅಂಚಿನ, ಸುಮಾರು 700ರಿಂದ 740 ನ್ಯಾನೊಮೀಟರ್‌ಗಳ, ಕಿರಣಗಳನ್ನು ಕೆಂಪಿನ ಬದಲಿಗೆ ಬಳಸುವ ಸೂಚ್ಯಂಕಗಳಿಗೆ ದಟ್ಟ ಪೈರಿನಲ್ಲಿ ಹೆಚ್ಚು ಬೆಲೆ ಬಂದಿರುವುದೂ ಇದೇ ಕಾರಣಕ್ಕೆ.

ಇನ್ನೊಂದು ಮಿತಿಯು ಗೋಧಿಯ ಸ್ವಭಾವದಿಂದಲೇ ಬಂದದ್ದು. ಇಳುವರಿಯೆಂದರೆ ತೆನೆಗಳ ಸಂಖ್ಯೆ, ತೆನೆಯೊಂದರ ಕಾಳುಗಳು ಮತ್ತು ಕಾಳಿನ ತೂಕ, ಈ ಮೂರರ ಗುಣಲಬ್ಧ. ಒಂದು ಚದರ ಮೀಟರಿನಲ್ಲಿ 400 ತೆನೆ, ತೆನೆಗೆ 35 ಕಾಳು, ಸಾವಿರ ಕಾಳಿಗೆ 40 ಗ್ರಾಂ ಎಂದಾದರೆ 560 ಗ್ರಾಂ, ಅಂದರೆ ಹೆಕ್ಟೇರಿಗೆ 56 ಕ್ವಿಂಟಾಲ್. ಮೊದಲಿನ ಅಳತೆ ಹಿಡಿಯುವುದು ಮುಖ್ಯವಾಗಿ ತೆಂಡೆಗಳ, ಅವುಗಳ ಮೂಲಕ ತೆನೆಗಳ, ಸಾಧ್ಯತೆಯನ್ನು. ಹಾಲು ತುಂಬುವ ಹೊತ್ತಿಗೆ ಬಿಸಿಗಾಳಿ ಬೀಸಿ ಕಾಳು ಸೊರಗಿ ಸಾವಿರಕ್ಕೆ 30 ಗ್ರಾಂ ಆಗಿಬಿಟ್ಟರೆ, ಅದೇ ಹೊಲ 42 ಕ್ವಿಂಟಾಲಿಗೆ ಇಳಿಯುತ್ತದೆ; ಎರಡು ತಿಂಗಳ ಹಿಂದೆ ಬರೆದಿಟ್ಟ 0.75ಕ್ಕೆ ಇದರ ಸುಳಿವೂ ಇರುವುದಿಲ್ಲ. ಹೂವಾದ ನಂತರವೂ ಅಳತೆ ಮುಂದುವರಿಸುವುದು ಇದಕ್ಕಾಗಿಯೇ. ಕಾಳಿಗೆ ಸೇರುವ ಪಿಷ್ಟದ ಹೆಚ್ಚಿನ ಭಾಗ ಹೂವಾದ ಮೇಲೆಯೇ ತಯಾರಾಗುವುದರಿಂದ, ತೆನೆಯ ಬುಡದ ಕೊನೆಯ ಎಲೆ ಎಷ್ಟು ದಿನ ಹಸಿರಾಗಿ ಉಳಿಯಿತು ಮತ್ತು ಸೂಚ್ಯಂಕ ಯಾವ ವೇಗದಲ್ಲಿ ಇಳಿಯಿತು ಎಂಬುದು ಒಂದೇ ದಿನದ ಗರಿಷ್ಠ ಅಂಕಿಗಿಂತ ಹೆಚ್ಚು ಹೇಳುತ್ತದೆ. ಹಾಗೆಂದು ಹಸಿರು ಎಷ್ಟು ದೀರ್ಘವಿದ್ದರೂ ಒಳ್ಳೆಯದೆನ್ನುವಂತಿಲ್ಲ. ಸಾರಜನಕ ಮಿತಿಮೀರಿದ ಪೈರು ತಡವಾಗಿ ಮಾಗುತ್ತದೆ, ನೆಲಕ್ಕೊರಗುತ್ತದೆ.

ಇದರೊಡನೆ ಗೊಂದಲವಾಗುವ ಇನ್ನೊಂದು ಹೆಸರು ‘ಎಸ್‌ಪಿಎಡಿ’. ಅದು ಎಲೆಯೊಂದನ್ನು ಚಿಮಟದಂತೆ ಕಚ್ಚಿ ಹಿಡಿದು, ಎಲೆಯ ಮೂಲಕ ತೂರಿಬರುವ ಬೆಳಕಿನಿಂದ ಪತ್ರಹರಿತ್ತನ್ನು ಅಂದಾಜಿಸುವ ಉಪಕರಣ. ಎಲೆ ಎಷ್ಟು ಹಸಿರಾಗಿದೆ ಎಂಬುದು ಅದಕ್ಕೆ ತಿಳಿಯುತ್ತದೆ, ಎಲೆಗಳೆಷ್ಟಿವೆ ಎಂಬುದು ತಿಳಿಯುವುದಿಲ್ಲ. ಎನ್‌ಡಿವಿಐಯಲ್ಲಿ ಇವೆರಡೂ ಬೆರೆತಿರುತ್ತವೆ.

ಅಂಕಿಯನ್ನು ಕ್ವಿಂಟಾಲಿಗೆ ತಿರುಗಿಸಲು, ಅಳೆದ ಜಾಗಗಳಲ್ಲೇ ಚೌಕಟ್ಟಿಟ್ಟು ಕೊಯ್ದು, ಒಕ್ಕಿ, ತೂಗಿ, ಎರಡರ ಸಂಬಂಧದ ಗೆರೆಯನ್ನು ಎಳೆಯಬೇಕಾಗುತ್ತದೆ. ಆ ಗೆರೆ ಒಂದು ತಳಿ, ಒಂದು ಹಂತ, ಒಂದು ಬಗೆಯ ಹವೆಗೆ ಹೊಂದಿದ್ದು, ಬೇರೆಡೆಗೆ ಒಯ್ಯುವಾಗ ಮತ್ತೆ ಪರೀಕ್ಷಿಸದೆ ವಿಧಿಯಿಲ್ಲ. ಅಳೆಯುವಾಗ ಎಲೆಗಳ ಮೇಲೆ ಇಬ್ಬನಿ ಇರಬಾರದು, ಎತ್ತರ ಬದಲಾಗಬಾರದು. ಕಳೆಯ ಹಸಿರಿಗೂ ಗೋಧಿಯ ಹಸಿರಿಗೂ ಸಂವೇದಕವು ಭೇದವೆಣಿಸುವುದಿಲ್ಲವಾದ್ದರಿಂದ, ಕಳೆ ತುಂಬಿದ ತುಣುಕುಗಳನ್ನು ಬಿಟ್ಟು ನಡೆಯಬೇಕು, ಇಲ್ಲವೇ ಅಂಕಿಯ ಪಕ್ಕದಲ್ಲಿ ‘ಕಳೆ’ ಎಂದು ಬರೆದಿಟ್ಟುಕೊಳ್ಳಬೇಕು.