ಆಪರೇಷನ್ ಬೆಂಗಳೂರಲ್ಲಿ, ಮೊದಲ ರಾತ್ರಿ ಎಲ್ಲಿ?

ಜೋತ ಕೆನ್ನೆ, ಗದ್ದವನ್ನು ಎತ್ತಿ ಕಟ್ಟುವ ಫೇಸ್‌ಲಿಫ್ಟ್ ಆಪರೇಷನ್ ಕೇಳಿಕೊಂಡು ಬಂದವರು ಕುರ್ಚಿಯಲ್ಲಿ ಕೂತ ತಕ್ಷಣ ಎಲ್ಲರೂ ಮಾಡುವುದು ಒಂದೇ. ಎರಡೂ ಕೈಯ ಬೆರಳುಗಳನ್ನು ಕಿವಿಯ ಮುಂದೆ ಒತ್ತಿ, ಕೆನ್ನೆಯನ್ನು ಹಿಂದಕ್ಕೆ ಎಳೆದು ಹಿಡಿಯುತ್ತಾರೆ. "ಇಷ್ಟೇ ಡಾಕ್ಟ್ರೇ, ಇಷ್ಟಾದ್ರೆ ಸಾಕು" ಅನ್ನುತ್ತಾರೆ. ಬೆರಳು ತೆಗೆದರೆ ಕೆನ್ನೆ ಮತ್ತೆ ಇಳಿಯುತ್ತದೆ, ಮುಖವೂ ಸಪ್ಪಗಾಗುತ್ತದೆ.

ತುಮಕೂರಿನಲ್ಲಿ ಪ್ಲಾಸ್ಟಿಕ್ ಸರ್ಜನ್ ಅಂದರೆ ದಿನವೆಲ್ಲ ಫೇಸ್‌ಲಿಫ್ಟ್ ಮಾಡುವವನು ಅಂದುಕೊಳ್ಳಬೇಡಿ. ನನ್ನ ಕೆಲಸದ ಬಹುಪಾಲು ಸುಟ್ಟ ಗಾಯ, ಹೈವೇ ಅಪಘಾತ, ಅಡಿಕೆ ಸುಲಿಯುವ ಮೆಷಿನ್‌ಗೆ ಸಿಕ್ಕ ಬೆರಳು. ಫೇಸ್‌ಲಿಫ್ಟ್ ಕೇಳಿಕೊಂಡು ಬರುವವರು ತಿಂಗಳಿಗೆ ಒಬ್ಬರೋ ಇಬ್ಬರೋ. ಅವರೂ ಬಾಗಿಲು ಮುಚ್ಚಿದ ಮೇಲೇ ಬಾಯಿ ಬಿಡುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತ ಯಾರಾದರೂ ಆಡಿಕೊಂಡಾರು ಅನ್ನುವ ಅಳುಕು. ನನಗಂತೂ ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಕಾಣುವುದಿಲ್ಲ. ಹಲ್ಲು ಕಟ್ಟಿಸಿಕೊಳ್ಳುತ್ತೇವೆ, ಕೂದಲಿಗೆ ಬಣ್ಣ ಹಚ್ಚುತ್ತೇವೆ, ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ ಅಲ್ವಾ? ತೊಂದರೆ ಬರುವುದು ಆ ಗುಟ್ಟಿನಿಂದ. ಗುಟ್ಟಾಗಿರಲಿ ಅಂತ ಒಬ್ಬರೇ ಹೋಗುತ್ತಾರೆ, ಅರ್ಧ ವಿಷಯ ಡಾಕ್ಟರಿಗೇ ಹೇಳುವುದಿಲ್ಲ, ರಾತ್ರಿಯೇ ಮನೆ ಸೇರಿಬಿಡುತ್ತಾರೆ.

ತಿಪಟೂರು ಕಡೆಯ ಒಬ್ಬ ನಿವೃತ್ತ ಟೀಚರ್ ಬಂದಿದ್ದರು. ಗುರುತು ಸಿಗಬಾರದು ಅಂತ ವಿವರ ಸ್ವಲ್ಪ ಬದಲಿಸಿದ್ದೇನೆ. ವಯಸ್ಸು ಅರವತ್ತರ ಹತ್ತಿರ. ಐದು ವಾರದಲ್ಲಿ ಮಗನ ಮದುವೆ. "ಫೋಟೋದಲ್ಲಿ ಬೀಗಿತ್ತಿ ಪಕ್ಕ ನಿಂತ್ರೆ ನಾನು ಅವರ ಅಮ್ಮನ ಹಾಗೆ ಕಾಣ್ತೀನಿ" ಅಂದರು. ನಕ್ಕರು, ಆದರೆ ಕಣ್ಣು ನಗಲಿಲ್ಲ.

ಅವರಿಗೆ ಕೈಗನ್ನಡಿ ಕೊಟ್ಟು ಪರೀಕ್ಷೆಯ ಮಂಚದ ಮೇಲೆ ಅಂಗಾತ ಮಲಗಿಸಿದೆ. ಮನೆಯಲ್ಲಿ ನೀವೂ ಮಾಡಿ ನೋಡಬಹುದು. ಮಲಗಿದಾಗ ಜೋತ ಕೆನ್ನೆ, ಗದ್ದದ ಕೆಳಗಿನ ಚರ್ಮ ಎಲ್ಲ ಕಿವಿಯ ಕಡೆಗೆ ಜಾರುತ್ತದೆ. ಫೇಸ್‌ಲಿಫ್ಟ್ ಏನು ಕೊಡಬಲ್ಲದು ಅನ್ನುವುದರ ಅಂದಾಜು ಅದು. ಮಲಗಿದ ಮೇಲೂ ಕನ್ನಡಿಯಲ್ಲಿ ಉಳಿದದ್ದು ಆಪರೇಷನ್ ಆದ ಮೇಲೂ ಬಹುತೇಕ ಉಳಿಯುತ್ತದೆ. ಕಣ್ಣಿನ ಕೆಳಗಿನ ಚೀಲ, ಹಣೆಯ ಗೆರೆ, ತುಟಿಯ ಮೇಲಿನ ಸಣ್ಣ ಗೀರುಗಳು, ಕೆನ್ನೆಯ ಬಂಗು, ಇದ್ಯಾವುದೂ ಫೇಸ್‌ಲಿಫ್ಟ್‌ನಿಂದ ಹೋಗುವುದಿಲ್ಲ. ಅವುಗಳಿಗೆ ಬೇರೆ ಬೇರೆ ಚಿಕಿತ್ಸೆ ಇದೆ. ಟೀಚರ್ ಒಂದು ನಿಮಿಷ ಕನ್ನಡಿ ನೋಡಿ "ಬಂಗು ಇಲ್ಲೇ ಇದೆಯಲ್ಲ" ಅಂದರು. ಅರ್ಧ ಸಮಾಲೋಚನೆ ಅಲ್ಲಿಗೇ ಮುಗಿಯಿತು.

ಇನ್ನು ಒಳಗೆ ನಡೆಯುವ ಕೆಲಸ. ಹಿಂದಿನ ಮನೆಗಳ ನವಾರು ಮಂಚ ನೆನಪಿದೆಯಾ? ವರ್ಷಗಳು ಕಳೆದಂತೆ ನವಾರು ಸಡಿಲವಾಗಿ ಮಂಚ ತೊಟ್ಟಿಲಿನ ಹಾಗಾಗುತ್ತಿತ್ತು. ಮೇಲಿನ ಜಮಖಾನೆಯನ್ನು ಎಷ್ಟು ಎಳೆದು ಸಿಕ್ಕಿಸಿದರೂ ಬೆಳಗಾಗುವಷ್ಟರಲ್ಲಿ ಮತ್ತೆ ಗುಳಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಯುರೋಪಿನಲ್ಲಿ ಈ ಆಪರೇಷನ್ ಶುರುವಾದಾಗ ಮಾಡುತ್ತಿದ್ದದ್ದು ಜಮಖಾನೆ ಎಳೆಯುವ ಕೆಲಸವೇ. ಕಿವಿಯ ಹತ್ತಿರ ಒಂದಿಷ್ಟು ಚರ್ಮ ಕತ್ತರಿಸಿ ಹೊಲಿಯುತ್ತಿದ್ದರು. ಮುಖ ಬಿಗಿದು ಗಾಳಿಗೆ ಸಿಕ್ಕಿದವರ ಹಾಗೆ ಕಾಣುತ್ತಿತ್ತು, ಸ್ವಲ್ಪ ಕಾಲದಲ್ಲೇ ಮತ್ತೆ ಜೋಲುತ್ತಿತ್ತು, ಗಾಯದ ಗುರುತು ಮಾತ್ರ ಅಗಲವಾಗುತ್ತಿತ್ತು. ಚರ್ಮದ ಕೆಳಗೆ ನವಾರಿನಂಥದ್ದೇ ಒಂದು ಪದರ ಇದೆ, ಮುಖದ ಸ್ನಾಯುಗಳ ಜೊತೆ ಹೆಣೆದುಕೊಂಡಿದೆ ಅಂತ ಫ್ರಾನ್ಸಿನ ಮಿಟ್ಜ್ ಮತ್ತು ಪೆಯ್ರೋನಿ 1976ರಲ್ಲಿ ವಿವರಿಸಿದರು. ನಾವು ಅದನ್ನು 'ಸ್ಮಾಸ್' ಅನ್ನುತ್ತೇವೆ. ಈಗಿನ ಒಳ್ಳೆಯ ಫೇಸ್‌ಲಿಫ್ಟ್‌ನಲ್ಲಿ ಭಾರ ಹೊರುವುದು ಈ ಪದರ. ಚರ್ಮವನ್ನು ಎಳೆಯದೆ ಸುಮ್ನೆ ಅದರ ಮೇಲೆ ಹೊದಿಸಿ, ಜಾಸ್ತಿಯಾದದ್ದನ್ನು ಮಾತ್ರ ತೆಗೆಯಬೇಕು. ನಿಮ್ಮ ಸರ್ಜನ್‌ರನ್ನು "ಒಳಗಿನ ಪದರಕ್ಕೆ ಏನು ಮಾಡ್ತೀರಿ?" ಅಂತ ಕೇಳಿ. ಅರ್ಧ ಗಂಟೆಯಲ್ಲಿ ಮುಗಿಯುವ 'ಮಿನಿ ಲಿಫ್ಟ್' ಅಂತ ಯಾರಾದರೂ ಹೇಳಿದರೆ ಈ ಪ್ರಶ್ನೆಯನ್ನು ಇನ್ನಷ್ಟು ಗಟ್ಟಿಯಾಗಿ ಕೇಳಿ. ಪೂರ್ತಿ ಫೇಸ್‌ಲಿಫ್ಟ್‌ಗೆ ಮೂರರಿಂದ ಐದು ಗಂಟೆ ಬೇಕು.

ಹೀಗೆ ಮಾಡಿದ ಮುಖ ಸಾಮಾನ್ಯವಾಗಿ 7ರಿಂದ 10 ವರ್ಷ ಬರುತ್ತದೆ. ವಯಸ್ಸಾಗುವುದು ನಿಲ್ಲುವುದಿಲ್ಲ, ಗಡಿಯಾರ ಸ್ವಲ್ಪ ಹಿಂದಕ್ಕೆ ಹೋಗಿ ಮತ್ತೆ ಓಡುತ್ತದೆ.

ಒಂದು ವಿಷಯದಲ್ಲಿ ನಮ್ಮ ಕಡೆಯವರು ಪುಣ್ಯವಂತರು. ಕಂದು ಚರ್ಮಕ್ಕೆ ಸಣ್ಣ ಸುಕ್ಕು ತಡವಾಗಿ ಬರುತ್ತದೆ. ಆದರೆ ಅದೇ ಚರ್ಮ ಗಾಯವಾದಾಗ ಬೇಗ ಕಪ್ಪಾಗುತ್ತದೆ, ಕೆಲವರಿಗೆ ಗಾಯ ಗಂಟುಗಟ್ಟಿ ಉಬ್ಬುತ್ತದೆ. ಅದಕ್ಕೇ ನಾನು ಮೊದಲು ನೋಡುವುದು ಕಿವಿ ಚುಚ್ಚಿಸಿದ ಜಾಗ, ತೋಳಿನ ಮೇಲಿನ ಲಸಿಕೆಯ ಗುರುತು. ಅಲ್ಲಿ ಗಂಟು ಎದ್ದಿದ್ದರೆ ಫೇಸ್‌ಲಿಫ್ಟ್ ಮಾತನ್ನು ಅಲ್ಲೇ ನಿಧಾನ ಮಾಡುತ್ತೇನೆ. ಹೊಲಿಗೆ ಬೀಳುವುದೂ ಕಿವಿಯ ಸುತ್ತವೇ ತಾನೇ?

"ಸಿಗರೇಟ್ ಸೇದ್ತೀರಾ?" ಅಂತ ಟೀಚರ್‌ಗೆ ಕೇಳಿದಾಗ ಅವರಿಗೆ ಕೋಪವೇ ಬಂತು. "ಏನ್ ಸಾರ್, ನಮ್ಮನ್ನ ಏನಂದ್ಕೊಂಡ್ರಿ?" ಹೋಗಲಿ ಬಿಡಿ ಅಂತ ಬರೆದುಕೊಂಡೆ. ಹೊರಡುವಾಗ ಕನ್ನಡಕಕ್ಕೆ ಕೈಚೀಲ ತಡಕಾಡಿದರು. ಒಂದು ಚಿಕ್ಕ ಬಟ್ಟೆ ಸಂಚಿ ಮೇಜಿನ ಮೇಲೆ ಬಿತ್ತು. ಎಲೆ, ಗೋಟಡಿಕೆ, ಸುಣ್ಣದ ಡಬ್ಬಿ, ಪೇಪರಲ್ಲಿ ಸುತ್ತಿದ ಹೊಗೆಸೊಪ್ಪು. ಊಟ ಆದ ಮೇಲೆ ಒಂದು ಚೂರು, ಮೂವತ್ತು ವರ್ಷದಿಂದ. ಅದು ತಂಬಾಕು ಅಂತ ಅವರ ಲೆಕ್ಕದಲ್ಲಿ ಇರಲೇ ಇಲ್ಲ. ಅಡಿಕೆ ಸೀಮೆಯಲ್ಲಿ ಕ್ಲಿನಿಕ್ ಇಟ್ಟುಕೊಂಡು "ಹೊಗೆಸೊಪ್ಪು ಹಾಕ್ತೀರಾ" ಅಂತ ಕೇಳದೆ ಇದ್ದದ್ದು ನನ್ನದೇ ತಪ್ಪು. ಈಗ ಹಾಗೇ ಕೇಳುತ್ತೇನೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಫೇಸ್‌ಲಿಫ್ಟ್‌ನಲ್ಲಿ ಕೆನ್ನೆಯ ಚರ್ಮವನ್ನು ತಳದಿಂದ ಬಿಡಿಸಿ ಎತ್ತುತ್ತೇವೆ. ಆಗ ಅದಕ್ಕೆ ರಕ್ತ ಬರುವುದು ಮುಖದ ನಡುಭಾಗದ ಕಡೆಯಿಂದ ಮಾತ್ರ. ಕಿವಿಯ ಹಿಂದಿನ ತುದಿ ಆ ದಾರಿಯ ಕಟ್ಟಕಡೆ, ಕೆರೆಯ ಕೊನೆ ತೂಬಿನ ಗದ್ದೆ ಇದ್ದ ಹಾಗೆ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಮುದುಡಿಸುತ್ತದೆ. ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲ, ಚರ್ಮ ಕಪ್ಪಾಗಿ ಸಾಯುತ್ತದೆ. ಬೀಡಿ, ಗುಟ್ಕಾ, ಹೊಗೆಸೊಪ್ಪು, ಕೊನೆಗೆ ಸಿಗರೇಟ್ ಬಿಡಲು ಅಗಿಯುವ ನಿಕೋಟಿನ್ ಗಮ್ ಕೂಡ ಇದರಲ್ಲಿ ಒಂದೇ. ಆಪರೇಷನ್‌ಗೆ ಕನಿಷ್ಠ ನಾಲ್ಕು ವಾರ ಮೊದಲೇ ನಿಲ್ಲಿಸಬೇಕು, ಆಮೇಲೂ ನಾಲ್ಕು ವಾರ ಮುಟ್ಟಬಾರದು. ಬಿಡಲಾಗದವರಿಗೆ ನಾನು ಆಪರೇಷನ್ ಮಾಡುವುದಿಲ್ಲ.

ಮಾತ್ರೆಗಳನ್ನೂ ಮುಚ್ಚಿಡಬೇಡಿ. ರಕ್ತ ತೆಳುಮಾಡುವ ಇಕೋಸ್ಪ್ರಿನ್, ಮಂಡಿ ನೋವಿಗೆ ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆ, ವಿಟಮಿನ್ ಇ, ಮೀನೆಣ್ಣೆ ಕ್ಯಾಪ್ಸೂಲ್, ಬೆಳ್ಳುಳ್ಳಿ ಕ್ಯಾಪ್ಸೂಲ್, ಇವೆಲ್ಲ ರಕ್ತ ಹೆಪ್ಪುಗಟ್ಟುವುದನ್ನು ತಡ ಮಾಡಬಲ್ಲವು. ಸಾಮಾನ್ಯವಾಗಿ ಎರಡು ವಾರ ಮೊದಲು ನಿಲ್ಲಿಸಲು ಹೇಳುತ್ತೇವೆ. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುಮಾಡುವ ಮಾತ್ರೆಯನ್ನು ಹೃದಯದ ಡಾಕ್ಟರ್ ಹೇಳದೆ ಒಂದು ದಿನವೂ ಬಿಡಬಾರದು. ಮುಖ ಕಾಯಬಹುದು, ಸ್ಟೆಂಟ್ ಕಾಯುವುದಿಲ್ಲ.

ಈಗ ಆ ಮೊದಲ ರಾತ್ರಿಯ ವಿಷಯ. ತುಮಕೂರಿನವರು ಈ ಆಪರೇಷನ್‌ಗೆ ಹೆಚ್ಚಾಗಿ ಬೆಂಗಳೂರಿಗೆ ಹೋಗುತ್ತಾರೆ. ಹೋಗಲಿ, ನಾನೇ ಕಳಿಸುತ್ತೇನೆ. ವರ್ಷಕ್ಕೆ ಬೆರಳೆಣಿಕೆಯಷ್ಟು ಮಾಡುವ ನನಗಿಂತ ವಾರ ವಾರ ಮಾಡುವವರ ಕೈ ಪಳಗಿರುತ್ತದೆ. ನನ್ನ ತಕರಾರು ವಾಪಸ್ ಬರುವ ಹೊತ್ತಿನ ಬಗ್ಗೆ. ಎಪ್ಪತ್ತು ಕಿಲೋಮೀಟರ್ ತಾನೇ, ಬೆಳಗ್ಗೆ ಹೋಗಿ ಸಂಜೆ ಬಂದುಬಿಡೋಣ, ಪಕ್ಕದ ಮನೆಯವರಿಗೂ ಗೊತ್ತಾಗಲ್ಲ ಅನ್ನುವ ಲೆಕ್ಕ.

ಹಾಗೆ ಬಂದ ಒಬ್ಬರ ಹೆಂಡತಿ ಒಂದು ರಾತ್ರಿ ಒಂದು ಗಂಟೆಗೆ ನನಗೆ ಫೋನ್ ಮಾಡಿದರು. ಐವತ್ತು ದಾಟಿದ ಗಂಡಸು, ಬಿಪಿ ಇತ್ತು. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿದ್ದಕ್ಕೆ ಬೆಳಗಿನ ಬಿಪಿ ಮಾತ್ರೆಯನ್ನೂ ಬಿಟ್ಟಿದ್ದರು. ಸಂಜೆ ಕಾರಿನಲ್ಲಿ ಹೊರಟು, ದಾಬಸ್‌ಪೇಟೆ ಹತ್ತಿರ ವಾಂತಿ ಮಾಡಿಕೊಂಡಿದ್ದರು. ಹನ್ನೊಂದರ ಮೇಲೆ ಎಡಗೆನ್ನೆ ಮಾತ್ರ ನೋಯಲು ಶುರುವಾಗಿ ಏರುತ್ತಲೇ ಹೋಯಿತು. ಆಪರೇಷನ್ ಮಾಡಿದ ಜಾಗಕ್ಕೆ ಫೋನ್ ಹಚ್ಚಿದರೆ ರಿಂಗ್ ಆಗುತ್ತಿತ್ತು, ಯಾರೂ ಎತ್ತಲಿಲ್ಲ. ನಾನು ಬ್ಯಾಂಡೇಜ್ ಬಿಚ್ಚಿದಾಗ ಎಡಗೆನ್ನೆ ಬದನೆಕಾಯಿಯ ಬಣ್ಣಕ್ಕೆ ತಿರುಗಿ ಮಿರಮಿರ ಹೊಳೆಯುತ್ತಿತ್ತು. ಬಲಗೆನ್ನೆ ಸಾಧಾರಣವಾಗಿತ್ತು. ಕಿವಿಯ ಹಿಂದಿನ ನಾಲ್ಕು ಹೊಲಿಗೆ ಅಲ್ಲೇ ಕತ್ತರಿಸಿದೆ. ಒತ್ತಿಕೊಂಡಿದ್ದ ಹೆಪ್ಪುರಕ್ತ ಜಾಮೂನಿನ ಹಾಗೆ ಜಾರಿ ಬಂತು. ಆಮೇಲೆ ಥಿಯೇಟರ್‌ಗೆ ಒಯ್ದು, ಸೋರುತ್ತಿದ್ದ ಒಂದು ಸಣ್ಣ ನಾಳವನ್ನು ಹುಡುಕಿ ಕಟ್ಟಿದ್ದಾಯಿತು. ಚರ್ಮ ಉಳಿಯಿತು. ಕಿವಿಯ ಹಿಂದೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಮಾತ್ರ ಕಪ್ಪಾಗಿ ಉದುರಿತು.

ಫೇಸ್‌ಲಿಫ್ಟ್‌ನಲ್ಲಿ ಅತಿ ಹೆಚ್ಚು ಕಾಣುವ ತೊಂದರೆ ಇದೇ, ಚರ್ಮದ ಕೆಳಗೆ ರಕ್ತ ತುಂಬುವುದು. ಬಹುತೇಕ ಮೊದಲ 24 ಗಂಟೆಯೊಳಗೆ ಆಗುತ್ತದೆ. ಗಂಡಸರಲ್ಲಿ ಜಾಸ್ತಿ, ಯಾಕೆಂದರೆ ಗಡ್ಡ ಬೆಳೆಯುವ ಚರ್ಮಕ್ಕೆ ರಕ್ತದ ಹರಿವು ಹೆಚ್ಚು. ಬಿಪಿ ಏರಿದರೆ, ವಾಂತಿ, ಕೆಮ್ಮು, ಮುಕ್ಕರಿಕೆ ಆದರೆ ಅಪಾಯ ಇನ್ನೂ ಏರುತ್ತದೆ. ತಡವಾದರೆ ಒಳಗಿನ ರಕ್ತದ ಒತ್ತಡಕ್ಕೆ ಮೇಲಿನ ಚರ್ಮವೇ ಸಾಯುತ್ತದೆ. ಎರಡೂ ಕಡೆ ಸಮನಾಗಿ ಊದಿ ಬಿಗಿದರೆ ಗಾಬರಿ ಬೇಡ, ಅದು ಎಲ್ಲರಿಗೂ ಆಗುತ್ತದೆ. ಒಂದೇ ಕಡೆ ನೋವು, ಒಂದೇ ಕಡೆ ಊತ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ. ಉಸಿರಾಟಕ್ಕೆ ಕಷ್ಟವಾದರೆ ಹತ್ತಿರದ ಯಾವ ಆಸ್ಪತ್ರೆಯಾದರೂ ಸರಿ, ಒಂದು ನಿಮಿಷ ತಡಮಾಡಬೇಡಿ.

ಆದ್ದರಿಂದ ಮುಂಗಡ ಕಟ್ಟುವ ಮೊದಲು ಇಷ್ಟು ಕೇಳಿಕೊಳ್ಳಿ. ರಾತ್ರಿ ನನ್ನನ್ನು ಇಲ್ಲೇ ಇರಿಸಿಕೊಳ್ತೀರಾ? ಎರಡು ಗಂಟೆಗೆ ಕೆನ್ನೆ ಊದಿದರೆ ಬರುವವರು ಯಾರು, ಅವರ ನಂಬರ್ ಏನು? ಅರಿವಳಿಕೆ ಡಾಕ್ಟರ್ ಯಾರು, ಬೆಳಗಿನ ಬಿಪಿ ಮಾತ್ರೆಯನ್ನು ಒಂದು ಗುಟುಕು ನೀರಲ್ಲಿ ನುಂಗಬೇಕಾ? ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಗುಟ್ಟು ಅವರೊಬ್ಬರಿಗೆ ಗೊತ್ತಿರಲಿ. ಎರಡು ಮೂರು ರಾತ್ರಿ ಆಸ್ಪತ್ರೆಗೆ ಹತ್ತಿರದಲ್ಲೇ ಉಳಿಯಿರಿ.

ಕಾಗದಪತ್ರದ ವಿಷಯ ಚುಟುಕಾಗಿ ಹೇಳುತ್ತೇನೆ. 'ಕಾಸ್ಮೆಟಿಕ್ ಸರ್ಜನ್' ಅನ್ನುವ ಬೋರ್ಡ್ ನೋಡಿ ನಂಬಬೇಡಿ, ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ (ಈಗಿನ ಹೆಸರು ಡಿಆರ್‌ಎನ್‌ಬಿ) ಪದವಿ ಇದೆಯಾ ನೋಡಿ. ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ಇರಬೇಕು, ಆಸ್ಪತ್ರೆಗೆ ಕೆಪಿಎಂಇ, ಅಂದರೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಇರಬೇಕು. ಚೆಂದಕ್ಕಾಗಿ ಮಾಡಿಸುವ ಆಪರೇಷನ್‌ಗೆ ವಿಮೆ ಹಣ ಕೊಡುವುದಿಲ್ಲ, ಮೇಲೆ ಜಿಎಸ್‌ಟಿಯೂ ಬೀಳುತ್ತದೆ. ಹೇಳಿದ ರೇಟಿನಲ್ಲಿ ಅದು ಸೇರಿದೆಯಾ ಕೇಳಿ. ಒಪ್ಪಿಗೆ ಪತ್ರವನ್ನು ಆಪರೇಷನ್ ಬೆಳಗ್ಗೆ ಸ್ಟ್ರೆಚರ್ ಮೇಲೆ ಮಲಗಿ ಸಹಿ ಮಾಡಬೇಡಿ, ಹಿಂದಿನ ದಿನವೇ ಕೇಳಿ ತಗೊಳ್ಳಿ. ಕನ್ನಡದಲ್ಲಿ ಕೊಡಿ ಅಂತ ಕೇಳುವುದರಲ್ಲಿ ತಪ್ಪಿಲ್ಲ. ತುರ್ತು ಇಲ್ಲದಿದ್ದರೆ ಒಂದು ಆಪರೇಷನ್‌ಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. "ಜೊತೆಗೆ ಕಣ್ಣೂ ಮಾಡಿಬಿಟ್ವಿ" ಅನ್ನುವಂತಿಲ್ಲ.

ಆ ಪತ್ರದಲ್ಲಿ ನರದ ವಿಷಯವೂ ಇರುತ್ತದೆ, ಓದಿ ಹೆದರಿಕೊಳ್ಳುವವರೇ ಹೆಚ್ಚು. ಮುಖ ಆಡಿಸುವ ನರದ ಕವಲುಗಳು ನಾವು ಕೆಲಸ ಮಾಡುವ ಪದರದ ಕೆಳಗೇ ಹರಿಯುತ್ತವೆ. ಕೆಲವರಿಗೆ ಕೆಳತುಟಿಯ ಒಂದು ಬದಿ ಕೆಲವು ವಾರ ಸೋಲುತ್ತದೆ, ನಗು ಸೊಟ್ಟಗಾಗುತ್ತದೆ. ಬಹುತೇಕ ತಾನಾಗಿಯೇ ಸರಿಹೋಗುತ್ತದೆ. ಶಾಶ್ವತವಾಗಿ ಉಳಿಯುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ, ಆದರೆ ಸೊನ್ನೆ ಅಲ್ಲ. ಕಿವಿ ಮತ್ತು ಕೆನ್ನೆ ಜೋಮು ಹಿಡಿಯುವುದಂತೂ ಮಾಮೂಲು, ತಿಂಗಳುಗಟ್ಟಲೆ ಇರುತ್ತದೆ. ಆ ಜೋಮಿನ ಮೇಲೆ ಬಿಸಿ ಶಾಖ ಕೊಡಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ.

ಮೊದಲ ವಾರ ತಲೆ ಎತ್ತರಿಸಿ ಮಲಗಬೇಕು, ಬಗ್ಗಿ ಕೊಡ ಎತ್ತಬಾರದು, ಗಾಯಕ್ಕೆ ಅರಿಶಿನ, ಹರಳೆಣ್ಣೆ ಯಾವುದನ್ನೂ ಹಚ್ಚಬಾರದು. ಅಗಿಯುವ ಊಟ ಕೆಲವು ದಿನ ಕಷ್ಟ. ಇಲ್ಲಿ ಮಾತ್ರ ನಮ್ಮ ಜಿಲ್ಲೆಯವರಿಗೆ ಒಂದು ಅನುಕೂಲ ಇದೆ. ಮುದ್ದೆ ಅಗಿಯುವ ಪದಾರ್ಥವೇ ಅಲ್ಲ. ಸಣ್ಣ ತುತ್ತು, ತೆಳ್ಳನೆಯ ಸಾರು, ಸಲೀಸಾಗಿ ಇಳಿಯುತ್ತದೆ. ಹೊಲಿಗೆ ಐದರಿಂದ ಹತ್ತು ದಿನದಲ್ಲಿ ಬಿಚ್ಚುತ್ತಾರೆ. ಸಂತೆಗೆ ಹೋದರೆ ಯಾರೂ ಕೇಳದ ಹಾಗಾಗಲು ಮೂರು ವಾರ ಬೇಕು. ಹತ್ತಿರದಿಂದ ಫೋಟೋ ತೆಗೆಸಿಕೊಳ್ಳುವಷ್ಟಾಗಲು ಮೂರು ತಿಂಗಳು ಇಟ್ಟುಕೊಳ್ಳಿ. ಗಾಯದ ಗೆರೆ ಮಾಗಲು ಒಂದು ವರ್ಷ, ಅಲ್ಲಿವರೆಗೆ ಬಿಸಿಲಿಗೆ ಸನ್‌ಸ್ಕ್ರೀನ್.

ಟೀಚರ್‌ಗೆ ಇದೇ ಲೆಕ್ಕ ಹೇಳಿ, ಮದುವೆ ಮುಗಿಸಿ ಬನ್ನಿ ಅಂದೆ. ಮುನಿಸಿಕೊಂಡೇ ಹೋದರು. ಎಂಟು ತಿಂಗಳ ಮೇಲೆ ಮದುವೆ ಆಲ್ಬಮ್ ಹಿಡಿದು ಬಂದರು. ಸಂಚಿಯಲ್ಲಿ ಈಗ ಎಲೆ ಅಡಿಕೆ ಮಾತ್ರ ಇತ್ತು, ತೆರೆದು ತೋರಿಸಿದರು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಜೊತೆಗೆ ಹೋಗಿದ್ದು ಸೊಸೆ, ಮೂರು ರಾತ್ರಿ ಅಲ್ಲೇ ಇದ್ದರು. ಒಂಬತ್ತನೇ ದಿನ ನನಗೆ ಫೋನ್ ಬಂತು. ಊತದ ಬಗ್ಗೆ ಕೇಳುತ್ತಾರೇನೋ ಅಂದುಕೊಂಡೆ. "ಓಲೆ ಯಾವಾಗ ಹಾಕ್ಕೋಬಹುದು ಸಾರ್? ಬರಿ ಕಿವೀಲಿ ಇರೋಕೆ ಒಂಥರಾ ಆಗುತ್ತೆ." ಕಿವಿಯ ಹಾಲೆಯ ಬುಡದಲ್ಲೇ ಹೊಲಿಗೆ ಇರುತ್ತದೆ, ಭಾರ ಬಿದ್ದರೆ ಹಾಲೆ ಕೆಳಕ್ಕೆ ಎಳೆದುಕೊಂಡು ಕೆನ್ನೆಗೆ ಅಂಟಿದ ಹಾಗಾಗುತ್ತದೆ, ಇನ್ನೂ ಒಂದು ತಿಂಗಳು ತಡೆಯಿರಿ ಅಂದೆ. ಆ ಕಡೆಯಿಂದ ಸೊಸೆ ಫೋನ್ ಇಸಕೊಂಡು, "ನಾನು ಬಚ್ಚಿಟ್ಟಿದೀನಿ ಬಿಡಿ ಡಾಕ್ಟ್ರೇ" ಅಂದರು.