ನಿಧಾನ ಕಳಿಸಿದರೆ ಸಿಗ್ನಲ್‌ಗೆ ಜೋರು ಬರುತ್ತಾ? (ಮತ್ತೆ ಅದೇ ಪ್ರಶ್ನೆ)

ಪ್ರಶ್ನೆ: "ಸರ, ಮೋರ್ಸ್ ಕೋಡ್ ಭಾಳ ಸಾವಕಾಶ ಕಳಿಸಿದ್ರ ಸಿಗ್ನಲ್‌ಗೆ ಜೋರು ಬರ್ತದಂತ, ಅದಕ್ಕ ಅಷ್ಟು ದೂರ ಮುಟ್ಟತದಂತ. ಖರೇ ಏನ್ರಿ? ಎಷ್ಟು ವ್ಯಾಟ್ ಬೇಕು?"

ಈ ಸಲ ಇದು ಹುಬ್ಬಳ್ಳಿಯಿಂದ ಬಂದಿದೆ. ಹೋದ ತಿಂಗಳು ಗದಗಿನವರು ಕೇಳಿದ್ದರು, ಅದಕ್ಕೂ ಮುಂಚೆ ರಾಣೆಬೆನ್ನೂರಿನವರು. ಉತ್ತರ ಮೂರು ಸಲವೂ ಒಂದೇ: ಇಲ್ಲ, ಜೋರು ಬರುವುದಿಲ್ಲ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುವುದು.

ಮೋರ್ಸ್ ಅಂದರೆ ಅಕ್ಷರಗಳನ್ನು ಗಿಡ್ಡ (ಡಾಟ್), ಉದ್ದ (ಡ್ಯಾಶ್) ಮಿಡಿತವಾಗಿ ಕಳಿಸುವುದು. ಹವ್ಯಾಸಕ್ಕೆ ರೇಡಿಯೊ ನಡೆಸುವ ಹ್ಯಾಮ್ ರೇಡಿಯೊದವರು ತೀರಾ ನಿಧಾನದ ಮೋರ್ಸ್‌ಗೆ ಕ್ಯೂಆರ್‌ಎಸ್‌ಎಸ್ ಅನ್ನುತ್ತಾರೆ. ಕ್ಯೂಆರ್‌ಎಸ್ ಅಂದರೆ ನಮ್ಮ ಸಂಕೇತದಲ್ಲಿ 'ಸ್ವಲ್ಪ ನಿಧಾನ ಕಳಿಸಪ್ಪಾ' ಅಂತ. ಅದಕ್ಕೆ ಇನ್ನೊಂದು ಎಸ್ ಅಂಟಿಸಿದರೆ ಇನ್ನೂ ನಿಧಾನ. ಎಷ್ಟು ನಿಧಾನ? ಮಾಮೂಲಿ ಮೋರ್ಸ್, ನಿಮಿಷಕ್ಕೆ 12 ಪದದ ವೇಗ ಅಂದುಕೊಳ್ಳಿ, ಅದರಲ್ಲಿ ಒಂದು ಡಾಟ್ ಸೆಕೆಂಡಿನ ಹತ್ತನೇ ಒಂದು ಭಾಗ ಇರುತ್ತದೆ. ಇಲ್ಲಿ ಒಂದು ಡಾಟ್ 3 ಸೆಕೆಂಡ್. ಇಲ್ಲವೇ 10, 30, 60, 120 ಸೆಕೆಂಡ್. ನಮ್ಮ ಕಡೆಯ ಕಾಲ್‌ಸೈನ್ (ರೇಡಿಯೊದಲ್ಲಿ ಹೇಳುವ ಹೆಸರು) ಶುರುವಾಗುವ 'ವಿ-ಯು-2' ಇದೆಯಲ್ಲ, ಆ ಮೂರು ಅಕ್ಷರಕ್ಕೆ ನಡುವಿನ ಬಿಡುವು ಸೇರಿ 37 ಡಾಟ್‌ನಷ್ಟು ಹೊತ್ತು ಬೇಕು. 3 ಸೆಕೆಂಡ್ ಡಾಟ್‌ನಲ್ಲಿ ಎರಡು ನಿಮಿಷಕ್ಕೆ ಸ್ವಲ್ಪ ಕಡಿಮೆ. 60 ಸೆಕೆಂಡ್ ಡಾಟ್‌ನಲ್ಲಿ 37 ನಿಮಿಷ. ಅಷ್ಟರಲ್ಲಿ ಚಿಗರಿ ಬಸ್ಸು ಹೆಚ್ಚುಕಡಿಮೆ ಹುಬ್ಬಳ್ಳಿಯಿಂದ ಧಾರವಾಡ ಮುಟ್ಟಿರುತ್ತದೆ. ಹೆಸರು ಹೇಳುವುದೂ ಇನ್ನೂ ಮುಗಿದಿರುವುದಿಲ್ಲ.

ಈಗ ಆ 'ಜೋರು' ವಿಷಯ.

ಮೊದಲು ಒಂದು ಸಣ್ಣದು. ನಿಧಾನ ಮೋರ್ಸ್ ಅಂದರೆ ಅಲೆಯೂ ನಿಧಾನ ಹೋಗುತ್ತದೆ ಅಂದುಕೊಂಡವರಿದ್ದಾರೆ. ಅಲೆ ಬೆಳಕಿನ ವೇಗದಲ್ಲೇ ಹೋಗುತ್ತದೆ. ಹುಬ್ಬಳ್ಳಿಯಿಂದ ಲಂಡನ್ನಿಗೆ ಸುಮಾರು 7,600 ಕಿಲೋಮೀಟರ್. ಒಂದು ಸೆಕೆಂಡನ್ನು 40 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಸಾಕು. ನಿಧಾನ ಇರುವುದು ನಮ್ಮ ಕೈ, ಅಲೆ ಅಲ್ಲ.

ದೊಡ್ಡ ತಪ್ಪು ತಿಳುವಳಿಕೆ ಬೇರೆ ಇದೆ. ಮೋರ್ಸ್ ಕಳಿಸಲು ಒತ್ತುವ ಕೀಲಿಯನ್ನು ಜಾಸ್ತಿ ಹೊತ್ತು ಒತ್ತಿ ಹಿಡಿದರೆ ಸಿಗ್ನಲ್ ಗಟ್ಟಿಯಾಗುತ್ತದೆ, ಗಟ್ಟಿಯಾದ್ದರಿಂದ ದೂರ ಓಡುತ್ತದೆ ಅಂತ. ಕವಣೆ ಜಾಸ್ತಿ ಹೊತ್ತು ತಿರುಗಿಸಿದರೆ ಕಲ್ಲು ದೂರ ಬೀಳುತ್ತದಲ್ಲ, ಹಾಗೆ. ಕೇಳಲಿಕ್ಕೆ ಛಲೋ ಇದೆ, ನಿಜ ಅಲ್ಲ. ನಿಮ್ಮ ಟ್ರಾನ್ಸ್‌ಮಿಟರ್ 1 ವ್ಯಾಟಿನದಾದರೆ ಡಾಟ್ ಎಷ್ಟೇ ಉದ್ದ ಇರಲಿ, ಆ ಕಡೆ ಮುಟ್ಟುವ ಸಿಗ್ನಲ್ ಅಷ್ಟೇ ಬಡವ.

ಹಾಗಾದರೆ ಬದಲಾಗಿದ್ದು ಏನು? ಹೀಗೆ ಯೋಚನೆ ಮಾಡಿ. ಜುಲೈ ತಿಂಗಳ ಧಾರವಾಡದ ಮಳೆ. ಮಾಳಿಗೆ ಮೇಲಿಂದ ಒಬ್ಬ ಅಂಗಳಕ್ಕೆ ಸಣ್ಣ ಎಳೆಯಾಗಿ ಹಾಲು ಸುರಿಯುತ್ತಿದ್ದಾನೆ. ಯಾಕೆ ಅಂತ ಕೇಳಬೇಡಿ. ಕೆಳಗೆ ನೀವು ಅಗಲವಾದ ಬೋಗುಣಿ ಇಟ್ಟರೆ ಹಾಲೂ ಬೀಳುತ್ತದೆ, ಅದರ ಹತ್ತು ಪಟ್ಟು ಮಳೆ ನೀರೂ ಬೀಳುತ್ತದೆ. ಹಾಲಿನ ಬಣ್ಣವೇ ಕಾಣುವುದಿಲ್ಲ. ಈಗ ಬೋಗುಣಿ ತೆಗೆದು, ಸಣ್ಣ ಬಾಯಿಯ ಬಾಟಲಿಯನ್ನು ಸರಿಯಾಗಿ ಆ ಎಳೆಯ ಕೆಳಗೆ ಇಡಿ. ಹಾಲು ಅಷ್ಟೂ ಒಳಗೆ ಬರುತ್ತದೆ, ಮಳೆ ನಾಲ್ಕು ಹನಿ. ಹಾಲು ಜಾಸ್ತಿ ಆಯಿತಾ? ಇಲ್ಲ. ನೀರು ಕಡಿಮೆ ಆಯಿತು.

ಮಳೆ ಅಂದರೆ ರೇಡಿಯೊದ ಗದ್ದಲ. ಅದು ಎಲ್ಲ ಫ್ರೀಕ್ವೆನ್ಸಿಯಲ್ಲೂ ಹರಡಿಕೊಂಡಿರುತ್ತದೆ. ಬಾಟಲಿಯ ಬಾಯಿ ಅಂದರೆ ರಿಸೀವರಿನ ಫಿಲ್ಟರ್. ಅದು ಎಷ್ಟು ಕಿರಿದೋ ಗದ್ದಲ ಅಷ್ಟು ಕಡಿಮೆ.

ಸರಿ, ಹಾಗಾದರೆ ಫಿಲ್ಟರ್ ಒಂದೇ ಕಿರಿದು ಮಾಡಿದರೆ ಸಾಕಲ್ಲ, ನಿಧಾನ ಯಾಕೆ ಬೇಕು? ಇದನ್ನು ಕೇಳುವವರು ಕಡಿಮೆ. ಕೇಳಿದವರನ್ನು ಕಂಡರೆ ನನಗೆ ಖುಷಿ. ಮಾಳಿಗೆ ಮೇಲಿನವನು ಕೈ ಬೇಗ ಬೇಗ ಅಲ್ಲಾಡಿಸಿದರೆ ಹಾಲಿನ ಎಳೆ ಆಚೆ ಈಚೆ ಹಾರಿ ಬಾಟಲಿಯ ಹೊರಗೆ ಚೆಲ್ಲುತ್ತದೆ. ಬೇಗ ಬೇಗ ಒತ್ತಿ ಬಿಡುವ ಮೋರ್ಸ್ ಕೂಡ ಹಾಗೆ ಅಕ್ಕಪಕ್ಕದ ಫ್ರೀಕ್ವೆನ್ಸಿಗೆ ಹರಡುತ್ತದೆ. ಡಾಟ್ ಸೆಕೆಂಡಿನ ಹತ್ತನೇ ಭಾಗ ಇದ್ದರೆ ಸುಮಾರು 10 ಹರ್ಟ್ಸ್ ಅಗಲದ ಬಾಯಿ ಬೇಕು. ಡಾಟ್ 3 ಸೆಕೆಂಡ್ ಆದರೆ ಒಂದು ಹರ್ಟ್ಸಿನ ಮೂರನೇ ಒಂದು ಭಾಗ ಸಾಕು. ಬಾಯಿ 30 ಪಟ್ಟು ಕಿರಿದು, ಗದ್ದಲ 30 ಪಟ್ಟು ಕಡಿಮೆ. ನಿಮ್ಮ 1 ವ್ಯಾಟು 30 ವ್ಯಾಟಿನ ಕೆಲಸ ಮಾಡಿದ ಹಾಗೆ. ಡಾಟ್ 30 ಸೆಕೆಂಡ್ ಆದರೆ 300 ವ್ಯಾಟಿನ ಹಾಗೆ. 'ಮಾಡಿದ ಹಾಗೆ' ಅನ್ನುವುದನ್ನು ದಯವಿಟ್ಟು ಎರಡು ಸಲ ಓದಿ.

ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ನನ್ನ ಜೊತೆ ವಾದಕ್ಕೆ ನಿಂತಿದ್ದ. ಉದ್ದ ಡಾಟ್‌ನಲ್ಲಿ ಒಟ್ಟು ಶಕ್ತಿ ಜಾಸ್ತಿ ಇರುತ್ತದಲ್ಲ ಸರ್ ಅಂತ. ಇರುತ್ತದಪ್ಪಾ, ಲೆಕ್ಕ ಸರಿ. ಆದರೆ ಅದನ್ನು ಹನಿ ಹನಿಯಾಗಿ ಕೂಡಿಟ್ಟುಕೊಳ್ಳುವವನು ಈ ಕಡೆ ಇರಬೇಕು. ಅದಕ್ಕೇ ಅವನನ್ನು, ರಿಸೀವರಿಗೆ ಬಂದ ಸಿಗ್ನಲನ್ನು ತೆರೆಯ ಮೇಲೆ ಗೆರೆಯಾಗಿ ತೋರಿಸುವ ಲ್ಯಾಪ್‌ಟಾಪ್ ಮುಂದೆ ಕೂರಿಸಿದೆ. ಸಾಯಂಕಾಲ, 10.140 ಮೆಗಾಹರ್ಟ್ಸ್ ಆಸುಪಾಸು. ಮಿಲಿವ್ಯಾಟ್ ಲೆಕ್ಕದಲ್ಲಿ ಕಳಿಸುವವರೆಲ್ಲ ಸೇರುವ ಜಾಗ ಅದು. ಸ್ಪೀಕರಿಗೆ ಕಿವಿ ಕೊಟ್ಟ. ಬರೀ ಸೊರ್‌ರ್ ಅನ್ನುವ ಸದ್ದು. ತೆರೆಯ ಮೇಲೆ ಮಾತ್ರ ಕಡು ನೀಲಿ ಹಿನ್ನೆಲೆಯಲ್ಲಿ ತೆಳ್ಳಗೆ ಹಳದಿ ಗೆರೆ: ಗಿಡ್ಡ, ಗಿಡ್ಡ, ಉದ್ದ. ಅದೇ ಸಿಗ್ನಲ್, ಅದೇ ರಿಸೀವರ್. ಸಾಫ್ಟ್‌ವೇರಿನಲ್ಲಿ ಫಿಲ್ಟರ್ ಅಗಲ ಮಾಡಿದೆ, ಗೆರೆ ಮಾಯ. ಕಿರಿದು ಮಾಡಿದೆ, ಬಂತು. ಕಳಿಸುವವನಿಗೆ ಇದ್ಯಾವುದೂ ಗೊತ್ತಿಲ್ಲ, ಅವನು ಒತ್ತಿಕೊಂಡೇ ಕೂತಿದ್ದಾನೆ. ಜೋರು ಸಿಗ್ನಲ್‌ನಲ್ಲಿ ಇದ್ದಿದ್ದರೆ ಕಿವಿಗೂ ಕೇಳಬೇಕಿತ್ತಲ್ವಾ? ಹುಡುಗ ಸುಮ್ಮನಾದ.

ಒಂದು ಫಜೀತಿಯೂ ಆಯಿತು. ಸೆಕೆ ಅಂತ ಅವನು ಫ್ಯಾನ್ ಹಾಕಿದ. ನೆಟ್ಟಗಿದ್ದ ಗೆರೆಗಳೆಲ್ಲ ಮೆಲ್ಲಗೆ ಓರೆಯಾದವು. ರಿಸೀವರಿನ ಫ್ರೀಕ್ವೆನ್ಸಿ ಹಿಡಿದಿಡುವ ಹರಳಿಗೆ ಗಾಳಿ ತಾಗಿ ಅದರ ಫ್ರೀಕ್ವೆನ್ಸಿ ಒಂದೆರಡು ಹರ್ಟ್ಸ್ ಜಾರಿತ್ತು. ಬಾಟಲಿಯ ಬಾಯಿ ಇಷ್ಟು ಕಿರಿದಾದ ಮೇಲೆ ಕೈ ಅಲ್ಲಾಡಬಾರದು. ಹತ್ತು ಲಕ್ಷಕ್ಕೆ ಒಂದರಷ್ಟು ಜಾರಿದರೂ 10 ಮೆಗಾಹರ್ಟ್ಸ್‌ನಲ್ಲಿ ಅದು 10 ಹರ್ಟ್ಸ್. ಅಷ್ಟೇ ಜಾರುವಿಕೆ 136 ಕಿಲೋಹರ್ಟ್ಸ್‌ನಲ್ಲಿ ಒಂದು ಹರ್ಟ್ಸಿನ ಏಳನೇ ಒಂದು ಭಾಗವೂ ಅಲ್ಲ. ತೀರಾ ಉದ್ದದ ಡಾಟ್‌ಗಳು ಆ ಕೆಳಗಿನ ಬ್ಯಾಂಡಿನಲ್ಲೇ ನಡೆಯುವುದಕ್ಕೆ ಇದೊಂದು ಕಾರಣ. ಇನ್ನೊಂದು, ಮೇಲಿನ ಬ್ಯಾಂಡುಗಳಲ್ಲಿ ಅಲೆಯನ್ನು ತಿರುಗಿ ನೆಲಕ್ಕೆ ಕಳಿಸುವ ಆಕಾಶದ ಅಯಾನು ಪದರವೇ ಅಲ್ಲಾಡಿ ಗೆರೆಯನ್ನು ಒರೆಸಿಬಿಡುತ್ತದೆ. ಅಲ್ಲಿ ಡಾಟ್ ಒಂದು ಮಿತಿ ಮೀರಿ ಉದ್ದ ಮಾಡಿದರೆ ಲಾಭ ಇಲ್ಲ.

ವ್ಯಾಟ್ ವಿಷಯ ಬೇಗ ಮುಗಿಸುತ್ತೇನೆ. 10 ಮೆಗಾಹರ್ಟ್ಸ್‌ನಲ್ಲಿ ಒಂದು ವ್ಯಾಟಿನ ಹತ್ತನೇ ಭಾಗದಲ್ಲಿ ಸಾವಿರಾರು ಕಿಲೋಮೀಟರ್ ಮುಟ್ಟಿಸುತ್ತಾರೆ. 136 ಕಿಲೋಹರ್ಟ್ಸ್ ಬ್ಯಾಂಡಿನ ಕಥೆ ಬೇರೆ. 2007ರ ಜಾಗತಿಕ ರೇಡಿಯೊ ಸಮ್ಮೇಳನದಲ್ಲಿ 135.7ರಿಂದ 137.8 ಕಿಲೋಹರ್ಟ್ಸ್‌ವರೆಗಿನ ಆ ಪಟ್ಟಿ ಹವ್ಯಾಸಿಗಳಿಗೆ ಸಿಕ್ಕಿತು. ಆಂಟೆನಾದಿಂದ ಹೊರಗೆ ಹೋಗುವುದು 1 ವ್ಯಾಟ್ ಮೀರುವಂತಿಲ್ಲ. ಆ 1 ವ್ಯಾಟ್ ಹೊರಗೆ ಹಾಕುವುದೇ ಕಷ್ಟ. ಅಲೆಯ ಉದ್ದ 2,200 ಮೀಟರ್, ಕಾಲು ಅಲೆಯ ಕಂಬ ಅಂದರೆ 550 ಮೀಟರ್. ಗದಗಿನ ಗುಡ್ಡದ ಗಾಳಿಯಂತ್ರಗಳನ್ನು ಒಂದರ ತಲೆ ಮೇಲೆ ಒಂದರಂತೆ ಐದಾರು ನಿಲ್ಲಿಸಬೇಕಾದೀತು. ನಮ್ಮ ಮಾಳಿಗೆಯ 12 ಮೀಟರ್ ಕಂಬದಲ್ಲಿ ನೂರು ಪಾಲಿಗೆ ಒಂದು ಪಾಲೂ ಅಲೆಯಾಗುವುದಿಲ್ಲ, ಉಳಿದದ್ದು ಆಂಟೆನಾಗೆ ಜೋಡಿಸಿದ ತಂತಿ ಸುರುಳಿಯನ್ನು (ಕಾಯಿಲ್) ಬಿಸಿ ಮಾಡಿ ಮಣ್ಣಿಗೆ ಹೋಗುತ್ತದೆ. ಒದ್ದೆ ಎರೆ ಮಣ್ಣಿನಲ್ಲಿ ಅರ್ಥಿಂಗ್ ಚೆನ್ನಾಗಿ ಕೂರುತ್ತದೆ. ನವಲಗುಂದ, ರೋಣದ ಕಡೆಯವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಕಳಿಸುವ ಮುಂಚೆ ನಿಮ್ಮ ಲೈಸೆನ್ಸಿನಲ್ಲಿ ಆ ಬ್ಯಾಂಡ್ ಇದೆಯಾ ನೋಡಿಕೊಳ್ಳಿ.

ಇಷ್ಟು ಓದಿದ ಮೇಲೂ ಯಾರೂ ಕೇಳದ ಪ್ರಶ್ನೆ ಒಂದಿದೆ: ಆ ಮಳೆ ಬರುವುದು ಎಲ್ಲಿಂದ? ಒಂದಷ್ಟು ಸಿಡಿಲಿನಿಂದ. ಮೇ ತಿಂಗಳ ಅಡ್ಡಮಳೆ ಹೊತ್ತಿನಲ್ಲಿ ಕೆಳಗಿನ ಬ್ಯಾಂಡ್ ಕೇಳುವುದೇ ಬೇಡ, ಚಳಿಗಾಲದ ರಾತ್ರಿ ವಾಸಿ. ಆದರೆ ಊರೊಳಗೆ ಜಾಸ್ತಿ ಗದ್ದಲ ನಮ್ಮದೇ ಮನೆಯದು. ಅಗ್ಗದ ಚಾರ್ಜರ್, ಎಲ್‌ಇಡಿ ಬಲ್ಬು, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್. ಇವುಗಳ ಒಳಗಿನ ಸರ್ಕ್ಯೂಟ್ ಎಷ್ಟೋ ಸಲ 65 ಕಿಲೋಹರ್ಟ್ಸ್ ಆಸುಪಾಸು ಮಿಡಿಯುತ್ತಿರುತ್ತದೆ. ಅದರ ದುಪ್ಪಟ್ಟು 130. ನಮ್ಮ ಬ್ಯಾಂಡಿನ ಬಾಗಿಲಲ್ಲೇ ನಿಂತಂತೆ.

ಹುಡುಕುವುದು ಸುಲಭ. ಹಳೆಯ ಟ್ರಾನ್ಸಿಸ್ಟರ್ ತೆಗೆದುಕೊಳ್ಳಿ. ಮೀಡಿಯಂ ವೇವ್‌ನಲ್ಲಿ ಧಾರವಾಡ ಆಕಾಶವಾಣಿಯ 765ರಿಂದ ಕೆಳಗೆ ಇಳಿದು ಯಾವ ಸ್ಟೇಷನ್ನೂ ಇಲ್ಲದ ಕಡೆ ನಿಲ್ಲಿಸಿ. ಮನೆ ತುಂಬ ಓಡಾಡಿ. ಎಲ್ಲಿ ಝುಯ್ ಅಂತ ಜೋರಾಗುತ್ತದೋ ಕಳ್ಳ ಅಲ್ಲಿದ್ದಾನೆ.

ನಮ್ಮ ಮನೆಯಲ್ಲಿ ಸಿಕ್ಕಿದ್ದು ದೇವರ ಕೋಣೆಯಲ್ಲಿ. ಜಾತ್ರೆಯಲ್ಲಿ ನಾನೇ ತಂದಿದ್ದ ಎಲ್‌ಇಡಿ ದೀಪ, ಹಗಲು ರಾತ್ರಿ ಉರಿಯುತ್ತಿತ್ತು. ಕಿತ್ತೆ. "ನಾ ಆವತ್ತ ಹೇಳಿದ್ದೆ, ಎಣ್ಣಿ ದೀಪಾನ ಛಲೋ ಅಂತ" ಅಂದಳು ಅವ್ವ. ಆವತ್ತು ರಾತ್ರಿ ತೆರೆಯ ಮೇಲೆ ಮುಂಚೆ ಕಾಣದ ಎರಡು ಗೆರೆ ಬಂದವು. ಮರುದಿನ ಬಡಾವಣೆಗೇ ಕರೆಂಟ್ ಹೋಯಿತು. ರಿಸೀವರೂ ಲ್ಯಾಪ್‌ಟಾಪೂ ಬ್ಯಾಟರಿ ಮೇಲಿದ್ದವು. ಇನ್ನೂ ಐದು ಗೆರೆ ಬಂದವು. ಇಪ್ಪತ್ತು ನಿಮಿಷಕ್ಕೆ ಕರೆಂಟ್ ಬಂತು, ಓಣಿಯವರೆಲ್ಲ ಹೋ ಅಂದರು, ಐದೂ ಹೋದವು.