ಸಂಗೀತ ವಿಶ್ಲೇಷಣೆ: ಏನನ್ನು ಬದಲಿಸಿದರೆ ಹಾಡು ಬೇರೆಯಾಗುತ್ತದೆ?

ಮೊದಲು ಕಲಿತ ಸಂಗೀತದ ಅಳತೆಗೋಲನ್ನೇ ಉಳಿದೆಲ್ಲ ಸಂಗೀತಕ್ಕೂ ಹಿಡಿಯುವ ಅಭ್ಯಾಸ ನಮಗೆ ಬಹಳ ಬೇಗ ಅಂಟಿಕೊಳ್ಳುತ್ತದೆ. ಕರ್ನಾಟಕ ಸಂಗೀತ ಕಲಿತವರು ಯಾವ ಹಾಡು ಕಿವಿಗೆ ಬಿದ್ದರೂ ‘ಇದು ಯಾವ ರಾಗ?’ ಎಂದು ಕೇಳುತ್ತಾರೆ. ಗಿಟಾರ್ ಹಿಡಿದವರು ‘ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಯಾವುದು?’ ಎನ್ನುತ್ತಾರೆ. ಎರಡೂ ಒಳ್ಳೆಯ ಪ್ರಶ್ನೆಗಳೇ. ಆದರೆ ಒಂದೊಂದೂ ಒಂದು ಪರಂಪರೆಯ ಒಳಗೆ ಹುಟ್ಟಿದ್ದು. ಅದನ್ನು ಹೊರಗೆ ಒಯ್ದಾಗ ಕೆಲವೊಮ್ಮೆ ಉತ್ತರ ಸಿಗುತ್ತದೆ, ಸಂಗೀತ ಮಾತ್ರ ಕೈಗೆ ಸಿಗುವುದಿಲ್ಲ.

ಹೊಸ ಸಂಗೀತದ ಮುಂದೆ ಕುಳಿತಾಗ ನಾನು ಮೊದಲು ಹಾಕಿಕೊಳ್ಳುವ ಪ್ರಶ್ನೆ ಬೇರೆ: ಇದರಲ್ಲಿ ಯಾವ ಅಂಶವನ್ನು ಬದಲಿಸಿದರೆ ಇದು ಇದಾಗಿ ಉಳಿಯುವುದಿಲ್ಲ? ಒಂದು ಅಂಶವನ್ನು ಮಾತ್ರ ಬದಲಿಸಿ, ಉಳಿದದ್ದನ್ನು ಹಾಗೆಯೇ ಇಟ್ಟು, ಮನಸ್ಸಿನಲ್ಲೋ ವಾದ್ಯದಲ್ಲೋ ಮತ್ತೆ ಕೇಳಬೇಕು. ಬ್ರಿಟನ್ನಿನ ವಿದ್ವಾಂಸ ಫಿಲಿಪ್ ಟ್ಯಾಗ್ ಜನಪ್ರಿಯ ಸಂಗೀತದ ಅರ್ಥವನ್ನು ಹುಡುಕಲು ಇಂತಹ ಬದಲಿಯ ಪರೀಕ್ಷೆಯನ್ನು ಬಳಸಿದರು. ಅದನ್ನು ಎಲ್ಲ ಸಂಗೀತಕ್ಕೂ ಹಚ್ಚಬಹುದು ಎಂಬುದು ನನ್ನ ನಂಬಿಕೆ. ಎಲ್ಲಿ ಬದಲಿಸಿದಾಗ ಗುರುತು ಅಳಿಸಿಹೋಗುತ್ತದೋ ಅಲ್ಲಿಂದಲೇ ವಿಶ್ಲೇಷಣೆ ಶುರುವಾಗಬೇಕು.

ತೋಡಿಯ ಗಾಂಧಾರ

ನಮಗೆ ಹತ್ತಿರದ ಉದಾಹರಣೆಯಿಂದ ಆರಂಭಿಸೋಣ. ಕರ್ನಾಟಕ ಪದ್ಧತಿಯ ತೋಡಿ ಎಂಟನೆಯ ಮೇಳ (ಏಳು ಸ್ವರಗಳ ಮೂಲರಾಗ): ಷಡ್ಜದ ಜೊತೆಗೆ ಶುದ್ಧ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕೈಶಿಕಿ ನಿಷಾದ. ಹಾರ್ಮೋನಿಯಂ ಮೇಲೆ ಇದೇ ಮನೆಗಳನ್ನು ಒತ್ತಿ ಹಿಂದೂಸ್ತಾನಿ ಕಲಿತವರಿಗೆ ಕೇಳಿಸಿದರೆ ಅವರು ಭೈರವಿ ಎನ್ನುತ್ತಾರೆ. (ಹಿಂದೂಸ್ತಾನಿಯ ತೋಡಿಯ ಸ್ವರಗಳು ಬೇರೆ, ಅವು ನಮ್ಮ ಶುಭಪಂತುವರಾಳಿಗೆ ಹೊಂದುತ್ತವೆ. ಹೆಸರನ್ನು ನಂಬಿ ಹೋಲಿಕೆಗೆ ಇಳಿಯಬೇಡಿ.) ಹೀಗೆ ಸ್ವರಪಟ್ಟಿ ಒಂದೇ ಆಗಿರುವ ತೋಡಿ ಮತ್ತು ಭೈರವಿಯನ್ನು ಹಾಡಿ ತೋರಿಸಿದರೆ ಯಾರೂ ಒಂದನ್ನು ಇನ್ನೊಂದೆಂದು ತಿಳಿಯುವುದಿಲ್ಲ.

ಬದಲಿಯ ಪರೀಕ್ಷೆಯನ್ನು ಇಲ್ಲಿ ಹಚ್ಚಿ ನೋಡಿ. ತೋಡಿಯ ಶ್ರುತಿ ಏರಿಸಿದರೂ ತೋಡಿಯೇ. ವೀಣೆ ಬಿಟ್ಟು ನಾಗಸ್ವರದಲ್ಲಿ ನುಡಿಸಿದರೂ ತೋಡಿಯೇ. ಆದರೆ ಆ ಗಾಂಧಾರವನ್ನು ಅಲುಗಿಸದೆ, ನೇರವಾಗಿ ಎಳೆದು ನಿಲ್ಲಿಸಿ ಹಾಡಿ. ರಾಗ ತಕ್ಷಣ ಕೈತಪ್ಪುತ್ತದೆ. ತೋಡಿಯ ಗಾಂಧಾರ ಒಂದು ಬಿಂದುವಿನಲ್ಲಿ ನಿಲ್ಲುವ ಸ್ವರವೇ ಅಲ್ಲ. ಅದು ಕೆಳಗಿನ ರಿಷಭದ ಕಡೆಗೂ ಮೇಲಿನ ಮಧ್ಯಮದ ಕಡೆಗೂ ತೂಗುತ್ತಾ ಇರುತ್ತದೆ, ಆ ತೂಗಾಟವನ್ನೇ ನಾವು ಗಾಂಧಾರ ಎಂದು ಕೇಳುತ್ತೇವೆ. ಸಾನಿಕ್ ವಿಷುವಲೈಸರ್‌ನಂತಹ ಉಚಿತ ತಂತ್ರಾಂಶದಲ್ಲಿ ಒಂದು ಆಲಾಪನೆಯ ಸ್ವರರೇಖೆಯನ್ನು ತೆಗೆದು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಪಂಚಮದ ಬಳಿ ಸಮತಟ್ಟಾದ ಗೆರೆ, ಗಾಂಧಾರದ ಬಳಿ ಅಲೆ. ಸುಬ್ಬರಾಮ ದೀಕ್ಷಿತರು 1904ರಲ್ಲಿ ಪ್ರಕಟಿಸಿದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಸ್ವರಲಿಪಿಯ ಜೊತೆಗೆ ಗಮಕಗಳಿಗೂ (ಸ್ವರವನ್ನು ತೂಗುವ, ಜಾರಿಸುವ ಬಗೆಗಳಿಗೂ) ಪ್ರತ್ಯೇಕ ಚಿಹ್ನೆಗಳನ್ನು ಕೊಟ್ಟದ್ದಕ್ಕೆ ಕಾರಣ ಇದೇ. ಬರೀ ಸರಿಗಮ ಬರೆದರೆ ರಾಗ ಕಾಗದದ ಮೇಲೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಗಮಕ ಕಡಿಮೆ ಇರುವ ರಾಗಗಳಲ್ಲಿ ಗುರುತು ಬೇರೆ ಕಡೆ ಇರುತ್ತದೆ. ಹಿಂದೂಸ್ತಾನಿಯ ಭೂಪಾಲಿ ಮತ್ತು ದೇಶ್ಕಾರ್ ಎರಡಕ್ಕೂ ಸ ರಿ ಗ ಪ ಧ ಎಂಬ ಅದೇ ಐದು ಸ್ವರಗಳು. ಭೂಪಾಲಿಯಲ್ಲಿ ಗಾಂಧಾರ ವಾದಿ (ಮುಖ್ಯ ಸ್ವರ), ಸಂಚಾರ ಪೂರ್ವಾಂಗದಲ್ಲಿ, ಅಂದರೆ ಸಪ್ತಕದ ಕೆಳಗಿನ ಅರ್ಧದಲ್ಲಿ, ಹೆಚ್ಚು. ದೇಶ್ಕಾರ್‌ನಲ್ಲಿ ಧೈವತ ವಾದಿ, ಒಲವು ಉತ್ತರಾಂಗದ, ಅಂದರೆ ಮೇಲಿನ ಅರ್ಧದ, ಕಡೆಗೆ. ಎಲ್ಲಿ ನಿಲ್ಲುತ್ತಾರೆ, ಯಾವುದನ್ನು ಸೋಕಿ ಬಿಡುತ್ತಾರೆ ಎಂಬುದೇ ಇಲ್ಲಿನ ವ್ಯತ್ಯಾಸ. ಇದನ್ನು ಅಳೆಯುವ ಮಾತುಗಳು ನಮ್ಮಲ್ಲಿ ಬಹಳ ಹಳೆಯವು. ನಾಟ್ಯಶಾಸ್ತ್ರ ಜಾತಿಗಳಿಗೆ (ರಾಗಗಳಿಗೂ ಹಿಂದಿನ ಸ್ವರಬಂಧಗಳಿಗೆ) ಹೇಳಿದ ಹತ್ತು ಲಕ್ಷಣಗಳಲ್ಲಿ ಗ್ರಹ (ಆರಂಭದ ಸ್ವರ), ಅಂಶ (ಮುಖ್ಯ ಸ್ವರ), ನ್ಯಾಸ (ಮುಗಿಯುವ ಸ್ವರ), ಅಪನ್ಯಾಸ (ನಡುವೆ ನಿಲ್ಲುವ ಸ್ವರ), ಅಲ್ಪತ್ವ (ಕಡಿಮೆ ಬಳಕೆ), ಬಹುತ್ವ (ಹೆಚ್ಚು ಬಳಕೆ) ಎಲ್ಲವೂ ಇವೆ. ಹಿಂದೂಸ್ತಾನಿಯ ಖಯಾಲ್ ಗಾಯನ ಕೇಳುವಾಗ ಒಂದು ಸರಳ ಅಭ್ಯಾಸ ಮಾಡಿ: ಗಾಯಕರು ಪ್ರತಿಯೊಂದು ಹೊಸ ಸ್ವರದ ಮೇಲೆ ಮೊದಲ ಬಾರಿಗೆ ನೆಲೆಯಾಗಿ ನಿಂತ ಹೊತ್ತನ್ನು ಬರೆದುಕೊಳ್ಳಿ. ಧಾರವಾಡ ಸೀಮೆಯಲ್ಲಿ ಬೆಳೆದ ಕಿರಾಣಾ ಘರಾಣೆಯ ವಿಲಂಬಿತದಲ್ಲಿ (ನಿಧಾನಗತಿಯ ಗಾಯನದಲ್ಲಿ) ಈ ಪಟ್ಟಿಯೇ, ರಾಗವನ್ನು ಹಂತಹಂತವಾಗಿ ಬೆಳೆಸುವ ಇಡೀ ಬಢತ್‌ನ ನಕ್ಷೆಯಾಗುತ್ತದೆ. ತಾರಷಡ್ಜ ಎಷ್ಟು ತಡವಾಗಿ ಬಂತು, ಅದಕ್ಕೆ ಮೊದಲು ನಿಷಾದದಲ್ಲಿ ಎಷ್ಟು ಕಾಯಿಸಿದರು ಎಂಬುದನ್ನು ನೋಡಿದಾಗ ರೋಮಾಂಚನದ ಲೆಕ್ಕ ಸಿಗುತ್ತದೆ.

ಷಡ್ಜ ಎಲ್ಲಿದೆ ಎಂಬ ಅನುಮಾನ

ಇನ್ನು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. ಬೀಥೋವನ್‌ನ ಐದನೆಯ ಸಿಂಫನಿ 1808ರ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ ಮೊದಲು ಪ್ರದರ್ಶನಗೊಂಡಿತು. ಅದರ ಆರಂಭದ ನಾಲ್ಕು ಸ್ವರಗಳನ್ನು ಕೇಳದವರು ಕಡಿಮೆ. ಅದರ ಶ್ರುತಿ ಸಿ ಮೈನರ್ (ಸಿ ಷಡ್ಜ, ಕೆಳಗಿನ ಗಾಂಧಾರ; ಮೇಲಿನ ಗಾಂಧಾರವಿದ್ದರೆ ಮೇಜರ್). ಸಿ ಅನ್ನು ಷಡ್ಜ ಎಂದುಕೊಂಡರೆ ಆರಂಭ ಹೀಗೆ: ಪಪಪ ಗಾ, ಮಮಮ ರೀ. ಮೊದಲ ಮೂರು ಸ್ವರಗಳಿಗೆ ಮುಂಚೆ ಒಂದು ಸಣ್ಣ ಮೌನವಿದೆ, ನಮ್ಮ ಮಾತಿನಲ್ಲಿ ಅನಾಗತ ಎಡುಪು, ಅಂದರೆ ತಾಳ ಶುರುವಾದ ಮೇಲೆ ಹಾಡು ಎತ್ತಿಕೊಳ್ಳುವುದು. ಆ ಮೌನ ಕೇಳುಗನಿಗೆ ಕೇಳಿಸುವುದಿಲ್ಲ, ನುಡಿಸುವವರಿಗೆ ಮಾತ್ರ ಗೊತ್ತು. ನುಗ್ಗುವ ಬಲ ಬರುವುದು ಅಲ್ಲಿಂದಲೇ.

ಈಗ ಷಡ್ಜವನ್ನು ಬದಲಿಸಿ ನೋಡಿ. ಇದೇ ಸ್ವರಗಳನ್ನು ಇ-ಫ್ಲಾಟ್ ಷಡ್ಜದಿಂದ ಹೇಳಿದರೆ ಗಗಗ ಸಾ, ರಿರಿರಿ ನೀ ಆಗುತ್ತವೆ, ಅಂದರೆ ಶಂಕರಾಭರಣದ ಸ್ವರಗಳು. ತಂತಿವಾದ್ಯಗಳೂ ಕ್ಲಾರಿನೆಟ್‌ಗಳೂ ಒಂದೇ ಸ್ವರ ನುಡಿಸುವುದರಿಂದ, ಕೆಳಗೆ ಕಾರ್ಡ್‌ನ ಆಧಾರವಿಲ್ಲದಿರುವುದರಿಂದ, ಮೊದಲ ಕೆಲವು ಕ್ಷಣ ಷಡ್ಜ ಯಾವುದೆಂದು ಹೇಳಲು ಸಾಧ್ಯವೇ ಇಲ್ಲ. ತಂಬೂರಿಯ ಶ್ರುತಿಯಲ್ಲಿ ಬೆಳೆದ ಕಿವಿಗೆ ಇದು ಎಂತಹ ಸಾಹಸ ಎಂದು ಯೋಚಿಸಿ. ಸ್ವಲ್ಪದರಲ್ಲೇ ಸಿ ಮೈನರ್ ಸ್ಥಿರವಾಗುತ್ತದೆ, ಆದರೆ ಎರಡನೆಯ ವಿಷಯ (ಎರಡನೆಯ ಮುಖ್ಯ ಧಾಟಿ) ಬರುವಾಗ ಸಂಗೀತ ನಿಜವಾಗಿಯೂ ಇ-ಫ್ಲಾಟ್ ಮೇಜರ್‌ಗೆ ಹೋಗಿ ನೆಲೆಸುತ್ತದೆ. ನಮ್ಮ ಗ್ರಹಭೇದದಲ್ಲಿ ಷಡ್ಜ ಸರಿಯುವುದು ಒಂದು ಕ್ಷಣದ ಚಮತ್ಕಾರ, ಮರಳಿ ಬಂದಾಗ ಸಭೆ ತಲೆದೂಗುತ್ತದೆ. ಈ ಸಿಂಫನಿಯ ಮೊದಲ ಭಾಗದ ಸೊನಾಟಾ ರೂಪದಲ್ಲಿ ಷಡ್ಜದ ಪಯಣವೇ ಕಥೆ. ಪುನರುಕ್ತಿಯ ಭಾಗದಲ್ಲಿ ಆ ಎರಡನೆಯ ವಿಷಯ ಮನೆಗೆ ಮರಳುತ್ತದೆ, ಆದರೆ ಸಿ ಮೈನರ್‌ಗಲ್ಲ, ಸಿ ಮೇಜರ್‌ಗೆ. ಸಿಂಫನಿಯ ಕೊನೆಯ ಭಾಗದ ಸಿ ಮೇಜರ್ ಗೆಲುವಿನ ಸುಳಿವು ಅಲ್ಲಿಯೇ ಸಿಗುತ್ತದೆ.

ಕಾರ್ಡ್‌ಗಳಿಗೆ ರೋಮನ್ ಅಂಕಿ ಹಾಕುವ ಪದ್ಧತಿ ಹುಟ್ಟಿದ್ದು ಈ ಪಯಣವನ್ನು ಗುರುತಿಸಲು. ಹೈನ್‌ರಿಖ್ ಶೆಂಕರ್ (ಆಸ್ಟ್ರಿಯಾದ ಸಂಗೀತ ಸಿದ್ಧಾಂತಿ, 1868–1935) ಇನ್ನೂ ಮುಂದೆ ಹೋಗಿ, ಮೇಲಿನ ಸ್ವರಗಳನ್ನು ಪದರ ಪದರವಾಗಿ ಬಿಡಿಸಿದರೆ ಅಡಿಯಲ್ಲಿ ಒಂದು ಸರಳ ಇಳಿಕೆ ಮತ್ತು ಅದಕ್ಕೆ ಆಧಾರವಾದ ಮಂದ್ರದ ನಡೆ ಉಳಿಯುತ್ತದೆ ಎಂದು ತೋರಿಸಿದ. ಬೀಥೋವನ್‌ಗೆ ಈ ಸಾಧನ ಅದ್ಭುತವಾಗಿ ಒಪ್ಪುತ್ತದೆ. ಆದರೆ ಶೆಂಕರ್ ಅದನ್ನು ಕಟ್ಟಿದ್ದು ಬಹುಪಾಲು ಜರ್ಮನ್ ಭಾಷಿಕ ರಚನಕಾರರ ಕೃತಿಗಳ ಮೇಲೆ, ಇತರ ಜನಾಂಗಗಳ ಸಂಗೀತವನ್ನು ಕೀಳೆಂದು ನೋಡುತ್ತಾ. ಅಮೆರಿಕದ ವಿದ್ವಾಂಸ ಫಿಲಿಪ್ ಯುವೆಲ್ 2019ರಲ್ಲಿ ಈ ಪ್ರಶ್ನೆಯನ್ನು ಬಹಿರಂಗವಾಗಿ ಎತ್ತಿದಾಗ ದೊಡ್ಡ ವಿವಾದವೇ ನಡೆಯಿತು. ಸಾಧನವನ್ನು ಕಲಿಯೋಣ, ಜೊತೆಗೆ ಅದು ಯಾವ ಕೃತಿಗಳಿಗಾಗಿ ಹುಟ್ಟಿತು ಎಂಬುದನ್ನೂ ನೆನಪಿಡೋಣ.

ನಾದವೇ ಗುರುತಾದಾಗ

ಫ್ರಾಂಜ್ ಲಿಸ್ಟ್ ಬೀಥೋವನ್‌ನ ಒಂಬತ್ತೂ ಸಿಂಫನಿಗಳನ್ನು ಒಂದು ಪಿಯಾನೋಗೆ ಅಳವಡಿಸಿದ. ವಾದ್ಯವೃಂದದ ಬಣ್ಣ ಹೋದರೂ ಕೃತಿ ಗುರುತು ಸಿಗುತ್ತದೆ. ಇಂಡೊನೇಷ್ಯಾದ ಜಾವಾ, ಬಾಲಿ ದ್ವೀಪಗಳ ಲೋಹವಾದ್ಯವೃಂದವಾದ ಗಮೆಲಾನ್‌ಗೆ ಇದೇ ಪರೀಕ್ಷೆ ಮಾಡಿದರೆ ಬಹುಪಾಲು ಕಳೆದುಹೋಗುತ್ತದೆ. ಐದು ಸ್ವರಗಳ ಸ್ಲೆಂದ್ರೋ, ಏಳು ಸ್ವರಗಳ ಪೆಲೋಗ್ ಎಂಬ ಎರಡು ವ್ಯವಸ್ಥೆಗಳಿವೆ, ಆದರೆ ಒಂದು ಊರಿನ ಸ್ಲೆಂದ್ರೋ ಇನ್ನೊಂದು ಊರಿನದಕ್ಕೆ ಸರಿಯಾಗಿ ಹೊಂದಬೇಕೆಂಬ ನಿಯಮವಿಲ್ಲ. ಪ್ರತಿ ವಾದ್ಯಸಮೂಹವೂ ತನಗೆ ತಾನೇ ಶ್ರುತಿ. ಬಾಲಿಯಲ್ಲಿ ಜೋಡಿ ವಾದ್ಯಗಳನ್ನು ಬೇಕೆಂದೇ ಒಂದಿಷ್ಟು ಅಂತರದಲ್ಲಿ ಕೂರಿಸುತ್ತಾರೆ, ಎರಡೂ ಒಟ್ಟಿಗೆ ಮೊಳಗಿದಾಗ ನಾದ ಕಂಪಿಸುತ್ತದೆ. ಆ ಕಂಪನವನ್ನು ತೆಗೆದರೆ ಸಂಗೀತ ಸತ್ತಂತೆ. ಕಾಲದ ರಚನೆಯನ್ನು ಹೇಳುವುದು ಗಂಟೆಗಳು: ದೊಡ್ಡ ಗಾಂಗ್ ಇಡೀ ಆವರ್ತವನ್ನು ಮುಗಿಸುತ್ತದೆ, ಕೆನೊಂಗ್, ಕೆಂಪುಲ್, ಕೆತುಕ್ ಎಂಬ ಚಿಕ್ಕ ಗಾಂಗ್‌ಗಳು ಅದನ್ನು ಒಳಗೆ ಹಂಚುತ್ತವೆ. ಆಂಗ್ಲ ವಿದ್ವಾಂಸ ಅಲೆಕ್ಸಾಂಡರ್ ಎಲ್ಲಿಸ್ 1885ರಲ್ಲಿ ಸ್ಥಾಯಿಯನ್ನು 1200 ಸೆಂಟ್‌ಗಳಾಗಿ ಭಾಗಿಸಿ ನಾನಾ ದೇಶಗಳ ಸ್ವರಾಂತರಗಳನ್ನು ಅಳೆದ. ಪ್ರಕೃತಿಯೇ ಕೊಟ್ಟ ಒಂದೇ ಸ್ವರಸಪ್ತಕ ಎಂಬುದಿಲ್ಲ ಎಂದು ಆ ಅಳತೆಗಳು ತೋರಿಸಿಕೊಟ್ಟವು.

ಬ್ಲೂಸ್‌ನಲ್ಲೂ ಇದೇ ಪಾಠ, ಬೇರೆ ದಿಕ್ಕಿನಿಂದ. ಅದು ಆಫ್ರಿಕನ್ ಅಮೆರಿಕನ್ನರ ಹಾಡಿನ ಪ್ರಕಾರ. ಹನ್ನೆರಡು ಬಾರ್‌ಗಳ (ತಾಳದ ಆವರ್ತಗಳ) ಚೌಕಟ್ಟು. ಸ, ಮ, ಪ ಮೇಲೆ ನಿಂತ ಮೂರು ಕಾರ್ಡ್‌ಗಳು. ಮೊದಲ ಸಾಲು, ಅದರ ಪುನರುಚ್ಚಾರ, ಆಮೇಲೆ ಉತ್ತರದ ಸಾಲು. ಕಾರ್ಡ್ ಬರೆದರೆ ಸಾವಿರಾರು ಹಾಡುಗಳ ವಿಶ್ಲೇಷಣೆ ಒಂದೇ ಆಗಿಬಿಡುತ್ತದೆ. ಗುರುತು ಇರುವುದು ಧ್ವನಿಯಲ್ಲಿ: ಸಾಧಾರಣವೂ (ಕೆಳಗಿನದೂ) ಅಲ್ಲದ, ಅಂತರವೂ (ಮೇಲಿನದೂ) ಅಲ್ಲದ ಆ ಗಾಂಧಾರದಲ್ಲಿ, ತಡೆದು ಬೀಳುವ ಪದದಲ್ಲಿ, ಧ್ವನಿ ನಿಂತ ಜಾಗದಲ್ಲಿ ಉತ್ತರಿಸುವ ಗಿಟಾರ್‌ನಲ್ಲಿ. ಮಿಸಿಸಿಪ್ಪಿ ಡೆಲ್ಟಾದ ಹಳೆಯ ಒಂಟಿ ಗಾಯಕರು ಹನ್ನೆರಡು ಬಾರ್‌ಗಳ ಲೆಕ್ಕವನ್ನೂ ಎಷ್ಟೋ ಬಾರಿ ಮೀರುತ್ತಾರೆ. ಅದನ್ನು ತಪ್ಪು ಎಂದು ಗುರುತು ಹಾಕುವ ವಿದ್ಯಾರ್ಥಿ ಚೌಕಟ್ಟನ್ನು ಕೇಳುತ್ತಿದ್ದಾನೆ, ಹಾಡನ್ನಲ್ಲ.

ಕಾಲಿನಲ್ಲಿರುವ ತಾಳ

ಘಾನಾ ದೇಶದ ಆಗ್ನೇಯದ ಎವೆ ಜನರ ನೃತ್ಯಸಂಗೀತದಲ್ಲಿ ಗಂಕೋಗುಯಿ ಎಂಬ ಕಬ್ಬಿಣದ ಗಂಟೆ ಒಂದು ಮಾದರಿಯನ್ನು ಬಿಡದೆ ನುಡಿಸುತ್ತದೆ. ಹನ್ನೆರಡು ಮಾತ್ರೆಗಳಲ್ಲಿ ಏಳು ಪೆಟ್ಟು: 2, 2, 1, 2, 2, 2, 1. ಕೊನ್ನಕ್ಕೋಲ್ (ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕಲೆ) ಬಲ್ಲವರು ಹೀಗೆ ಹೇಳಿ ನೋಡಬಹುದು: ತಕ ತಕ ತ ತಕ ತಕ ತಕ ತ. ‘ತ’ ಬಂದಲ್ಲೆಲ್ಲ ಚಪ್ಪಾಳೆ. ಅದು ಕೈಗೆ ಕೂತ ಮೇಲೆ, ಮೂರು ಮಾತ್ರೆಗೆ ಒಂದರಂತೆ ನಾಲ್ಕು ಹೆಜ್ಜೆ ಹಾಕಿ: 1, 4, 7, 10. ಗಂಟೆಯ ಪೆಟ್ಟು ಬೀಳುವುದು 1, 3, 5, 6, 8, 10, 12ರಲ್ಲಿ. ಹೆಜ್ಜೆ ಮತ್ತು ಗಂಟೆ ಕೂಡುವುದು ಒಂದರಲ್ಲಿ ಮತ್ತು ಹತ್ತರಲ್ಲಿ ಮಾತ್ರ, ಉಳಿದೆಡೆ ಒಂದನ್ನೊಂದು ಎಳೆಯುತ್ತವೆ.

ಕುಳಿತು ಕೇಳಿದರೆ ಈ ಎಳೆತ ತಿಳಿಯುವುದೇ ಇಲ್ಲ, ಏಕೆಂದರೆ ಆ ನಾಲ್ಕು ಹೆಜ್ಜೆಗಳು ಧ್ವನಿಮುದ್ರಣದಲ್ಲಿ ಸದ್ದು ಮಾಡಬೇಕೆಂದಿಲ್ಲ. ಅವು ನರ್ತಕರ ಪಾದದಲ್ಲಿವೆ. ಹಾಗಾಗಿ ಬರೀ ಧ್ವನಿಯನ್ನು ಬರೆದವನು ಸಂಗೀತದ ಅರ್ಧವನ್ನು ಬಿಟ್ಟಿದ್ದಾನೆ. ಅಮೆರಿಕದ ಸಂಗೀತ ಮಾನವಶಾಸ್ತ್ರಜ್ಞ ಅಲನ್ ಮೆರಿಯಮ್ 1964ರಲ್ಲಿ, ನಾದದ ಜೊತೆಗೆ ಜನರ ನಡವಳಿಕೆಯನ್ನೂ ಸಂಗೀತದ ಬಗ್ಗೆ ಅವರಿಗಿರುವ ಕಲ್ಪನೆಗಳನ್ನೂ ಸೇರಿಸಿ ಅಧ್ಯಯನ ಮಾಡಬೇಕು ಎಂದದ್ದು ನನಗೆ ಮನದಟ್ಟಾದದ್ದು ಈ ಚಪ್ಪಾಳೆಯಿಂದಲೇ. ಅಂದಹಾಗೆ, 2 2 1 2 2 2 1 ಎಂಬುದು ಶಂಕರಾಭರಣದ ಸ್ವರಾಂತರಗಳ ಅನುಕ್ರಮವೂ ಹೌದು. ಸುಂದರವಾದ ಸಾಮ್ಯ, ಆದರೆ ಅದರ ಮೇಲೆ ಆಫ್ರಿಕಾಕ್ಕೂ ತಂಜಾವೂರಿಗೂ ನಂಟು ಕಟ್ಟಲು ಹೊರಡಬೇಡಿ.

ಬರೆದುಕೊಳ್ಳುವ ಬಗ್ಗೆ

ಅಮೆರಿಕದ ಸಂಗೀತ ವಿದ್ವಾಂಸ ಚಾರ್ಲ್ಸ್ ಸೀಗರ್ 1958ರಲ್ಲಿ ಎರಡು ಬಗೆಯ ಲಿಪಿಯನ್ನು ಬೇರ್ಪಡಿಸಿದ: ಹೀಗೆ ಹಾಡು ಎಂದು ಹೇಳುವ ಲಿಪಿ, ಹೀಗೆ ಹಾಡಿದರು ಎಂದು ದಾಖಲಿಸುವ ಲಿಪಿ. ನಮ್ಮ ಸ್ವರಲಿಪಿ ಮೊದಲನೆಯ ಬಗೆಯದು. ಗುರುವಿನಿಂದ ರಾಗ ಕಲಿತವನಿಗೆ ಅದು ನೆನಪಿನ ಗುರುತು, ಕಲಿಯದವನಿಗೆ ಬರೀ ಅಕ್ಷರ. ಮುದ್ರಿತ ಪುಸ್ತಕ ನೋಡಿ ರಾಗ ವಿಶ್ಲೇಷಣೆ ಮಾಡುವ ಪ್ರಬಂಧಗಳು ಸೊರಗುವುದು ಈ ವ್ಯತ್ಯಾಸ ಮರೆತಾಗ. ಒಂದು ನಿಮಿಷದ ಆಲಾಪನೆಯನ್ನಾದರೂ ಕೇಳಿ, ಕೈಯಾರೆ ಬರೆದು, ಮತ್ತೆ ಹಾಡಿ ಸರಿನೋಡಿ. ಅಷ್ಟು ಕೆಲಸ ಮಾಡಿದವರ ಮಾತಿಗೆ ಬೇರೆಯದೇ ತೂಕವಿರುತ್ತದೆ.

ಜಾನಪದಕ್ಕೆ ಬಂದರೆ ರಾಗದ ಪ್ರಶ್ನೆ ಇನ್ನೂ ದುರ್ಬಲವಾಗುತ್ತದೆ. ಮಲೆ ಮಹದೇಶ್ವರನ ಕಾವ್ಯವನ್ನು ದೇವರಗುಡ್ಡರು ಕಂಸಾಳೆ ಹಿಡಿದು ಸಾಲು ಸಾಲಾಗಿ ಹಾಡುತ್ತಾರೆ, ಸಂಕಮ್ಮನ ಸಾಲು ಅವುಗಳಲ್ಲಿ ಬಹಳ ಪ್ರಸಿದ್ಧ. ಧಾಟಿಯ ಸ್ವರಗಳು ಕೆಲವೇ, ಅವನ್ನು ಪಟ್ಟಿ ಮಾಡಿ ಇಂಥ ರಾಗದ ಛಾಯೆ ಎಂದು ಬರೆದರೆ ಕೆಲಸ ಮುಗಿಯಿತು ಎನಿಸಬಹುದು. ಬದಲಿಯ ಪರೀಕ್ಷೆ ಬೇರೆಯದನ್ನು ಹೇಳುತ್ತದೆ. ಧಾಟಿ ಸ್ವಲ್ಪ ಬದಲಾದರೂ ಸಂಕಮ್ಮನ ಕಥೆ ಸಂಕಮ್ಮನ ಕಥೆಯೇ. ಆದರೆ ಹಿಮ್ಮೇಳದವರ ಸೊಲ್ಲನ್ನು ತೆಗೆದುಹಾಕಿದರೆ ಹಾಡು ಒಬ್ಬನ ವರದಿಯಾಗಿ ಕುಗ್ಗುತ್ತದೆ. ಆದ್ದರಿಂದ ಇಂತಹ ಧ್ವನಿಮುದ್ರಣವನ್ನು ಅಭ್ಯಾಸಕ್ಕೆ ತೆಗೆದುಕೊಂಡವರು ಸ್ವರಗಳನ್ನು ಬದಿಗಿಟ್ಟು, ಮಾತು ಎಲ್ಲಿ ಹಾಡಾಗುತ್ತದೆ, ಹಾಡು ಎಲ್ಲಿ ಮತ್ತೆ ಮಾತಿಗೆ ಇಳಿಯುತ್ತದೆ, ಹಿಮ್ಮೇಳ ಯಾವ ಪದದ ಮೇಲೆ ಬಂದು ಸೇರುತ್ತದೆ, ಕಂಸಾಳೆಯ ವೇಗ ಕಥೆಯ ಯಾವ ತಿರುವಿನಲ್ಲಿ ಹೆಚ್ಚುತ್ತದೆ ಎಂಬುದನ್ನು ನಿಮಿಷ ಸೆಕೆಂಡುಗಳ ಸಮೇತ ಗುರುತು ಹಾಕಿಕೊಳ್ಳಲಿ. ಸಾಧ್ಯವಾದರೆ ಅದೇ ಸಾಲನ್ನು ಇನ್ನೊಂದು ಮೇಳದವರಿಂದ ಕೇಳಿ, ಪಕ್ಕದಲ್ಲೇ ಎರಡನೆಯ ಪಟ್ಟಿ ಮಾಡಲಿ. ಎರಡೂ ಪಟ್ಟಿಗಳಲ್ಲಿ ಒಂದೇ ಜಾಗದಲ್ಲಿ ಬಿದ್ದ ಗುರುತುಗಳಿಂದ ಬರೆಯಲು ತೊಡಗಬಹುದು.